ಎಸಿ ಬದಲಾವಣೆ: ಪರ್ಮಿಟ್ ಯಾರ ಹೆಸರಿನಲ್ಲಿ?

ಬೇಸಿಗೆ ಶುರುವಾಗುತ್ತಲೇ ಮನೆಯ ಎಸಿ ಬದಲಿಸುವ, ಅದಕ್ಕೆ ನಗರಾಡಳಿತದ ಅನುಮತಿ (ಪರ್ಮಿಟ್) ಪಡೆಯುವ ಬಗ್ಗೆ ಪತ್ರಗಳು ಬರತೊಡಗಿವೆ. ಈ ಸಲದವು ಬಹುತೇಕ ಕ್ಯಾಲಿಫೋರ್ನಿಯಾದ ಓದುಗರವು, ಕೊನೆಯದು ಮಾತ್ರ ಬೆಂಗಳೂರಿನದು.

ಪ್ರಶ್ನೆ: ನಮ್ಮದು 2003ರಲ್ಲಿ ಕಟ್ಟಿದ ಮನೆ. ಗ್ಯಾಸ್ ಫರ್ನೆಸ್ (ಮನೆ ಬಿಸಿಮಾಡುವ ಯಂತ್ರ) ಮತ್ತು ಕಾಯಿಲ್ (ಗಾಳಿ ತಣಿಸುವ ಒಳಭಾಗ) ಅಟ್ಟದಲ್ಲಿವೆ, 4 ಟನ್ ಕಂಡೆನ್ಸರ್ (ಹೊರಘಟಕ) ಹೊರಗಿದೆ. ಅದರ ಶೈತ್ಯಕಾರಕ ಅನಿಲ ಆರ್-22. ಈಗ ಕಂಪ್ರೆಸರ್ ಸುಟ್ಟಿದೆ. ‘ಇದ್ದ ಜಾಗಕ್ಕೆ ಅಂಥದ್ದೇ ಇಡುವುದಕ್ಕೆ ಪರ್ಮಿಟ್ ಬೇಡ, 900 ಡಾಲರ್ ಉಳಿಯುತ್ತದೆ’ ಎನ್ನುತ್ತಾರೆ ಒಬ್ಬ ಗುತ್ತಿಗೆದಾರರು. ‘ಪರ್ಮಿಟ್ ನಿಮ್ಮ ಹೆಸರಿನಲ್ಲಿ ನೀವೇ ತೆಗೆಯಿರಿ’ ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಸರಿ?
— ಓದುಗರು, ಫೋಲ್ಸಮ್

ಉತ್ತರ: ಇಬ್ಬರದೂ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಂಡೆನ್ಸರ್, ಕಾಯಿಲ್, ಫರ್ನೆಸ್ ಯಾವುದನ್ನು ಬದಲಿಸಿದರೂ ಪರ್ಮಿಟ್ ಬೇಕು. ಅದೇ ಜಾಗ, ಅದೇ ಟನ್ ಎಂದು ವಿನಾಯಿತಿ ಇಲ್ಲ. ಅಲ್ಲದೆ ನಿಮ್ಮಲ್ಲಿ ‘ಅಂಥದ್ದೇ’ ಇಡಲು ಬರುವುದೂ ಇಲ್ಲ. ಅಮೆರಿಕದಲ್ಲಿ ಆರ್-22ರ ತಯಾರಿಕೆ, ಆಮದು 2020ರ ಜನವರಿ 1ಕ್ಕೇ ನಿಂತಿತು. 2025ರ ಜನವರಿ 1ರಿಂದ ಜಾಗತಿಕ ತಾಪನ ಸೂಚ್ಯಂಕ 700 ಮೀರಿದ ಅನಿಲದ ಹೊಸ ಗೃಹ ಎಸಿ ವ್ಯವಸ್ಥೆಗಳ ತಯಾರಿಕೆಯೂ ನಿಂತಿದೆ. ಆರ್-22ರ ನಂತರ ಬಳಕೆಗೆ ಬಂದ ಆರ್-410ಎಯ ಸೂಚ್ಯಂಕ 2088. ಹೀಗಾಗಿ ಈಗ ಬರುವ ಯಂತ್ರಗಳಲ್ಲಿ ಆರ್-454ಬಿ ಅಥವಾ ಆರ್-32 ಇರುತ್ತದೆ. ಎರಡೂ ಅಲ್ಪ ಪ್ರಮಾಣದಲ್ಲಿ ಹೊತ್ತಿಕೊಳ್ಳಬಲ್ಲ ಅನಿಲಗಳು. ಹಳೆಯ ಆರ್-22 ಕಾಯಿಲ್‌ಗೆ ಇವು ಕೂಡಿಬರುವುದಿಲ್ಲ, ಕಾಯಿಲ್ ಬದಲಾಗಲೇಬೇಕು. ಒಳಗಿನ, ಹೊರಗಿನ ಭಾಗಗಳು ಒಂದಕ್ಕೊಂದು ಹೊಂದುವ ಜೋಡಿ ಎಂಬುದಕ್ಕೆ ಎಸಿ ತಯಾರಕರ ಸಂಸ್ಥೆ ಎಎಚ್‌ಆರ್‌ಐಯ ಪ್ರಮಾಣಪತ್ರದ ಸಂಖ್ಯೆ ಇರುತ್ತದೆ. ಅಂದಾಜುಪಟ್ಟಿಯಲ್ಲಿಯೇ ಅದನ್ನು ಬರೆಸಿಕೊಳ್ಳಿ. ಗೋಡೆಯೊಳಗಿನ ಹಳೆಯ ತಾಮ್ರದ ಕೊಳವೆಯಲ್ಲಿ ಖನಿಜ ತೈಲ ಅಂಟಿಕೊಂಡಿರುತ್ತದೆ, ಹೊಸ ಕಂಪ್ರೆಸರ್‌ಗೆ ಬೇಕಾದದ್ದು ಬೇರೆಯ ತೈಲ. ಕೊಳವೆಯನ್ನೇ ಬದಲಿಸಿದರೆ ಒಳ್ಳೆಯದು. ಅದಾಗದಿದ್ದರೆ ಅಳತೆ ಹೊಂದುತ್ತದೆಯೇ ಎಂದು ತಯಾರಕರ ತಖ್ತೆಯಲ್ಲಿ ನೋಡಿ, ತೊಳೆದು, ಸಾರಜನಕದ ಒತ್ತಡ ಕೊಟ್ಟು ಸೋರಿಕೆ ಪರೀಕ್ಷಿಸಿ, 500 ಮೈಕ್ರಾನ್‌ಗಿಂತ (ಇಲ್ಲಿ ಇದು ಒತ್ತಡದ ಅಳತೆ) ಕೆಳಗೆ ನಿರ್ವಾತ ಮಾಡಲೇಬೇಕು.

ಎರಡನೆಯವರ ಸಲಹೆ ಮೊದಲನೆಯದಕ್ಕಿಂತ ಅಪಾಯದ್ದು. ನಿಮ್ಮ ಹೆಸರಿನಲ್ಲಿ ತೆಗೆದದ್ದು ‘ಮಾಲೀಕ-ನಿರ್ಮಾತೃ’ ಪರ್ಮಿಟ್. ಕಾಗದದ ಮೇಲೆ ಕೆಲಸ ಮಾಡಿಸುವವರು, ಕೆಲಸಗಾರ ಅಟ್ಟದಿಂದ ಬಿದ್ದರೆ ಹೊಣೆ ಹೊರುವವರು, ತಪಾಸಣೆಯಲ್ಲಿ ತಪ್ಪು ಸಿಕ್ಕರೆ ಸರಿಪಡಿಸಬೇಕಾದವರು ಎಲ್ಲ ನೀವೇ. ಸಿ-20 (ಎಸಿ, ಹೀಟಿಂಗ್ ಕೆಲಸದ) ಪರವಾನಗಿ ಇರುವ ಗುತ್ತಿಗೆದಾರ ತನ್ನ ಹೆಸರಿನಲ್ಲೇ ಪರ್ಮಿಟ್ ತೆಗೆಯುತ್ತಾನೆ. ನಿಮಗೆ ತೆಗೆಯಲು ಹೇಳುವವನಿಗೆ ಪರವಾನಗಿ ಇಲ್ಲದಿರಬಹುದು, ಇದ್ದರೂ ಅಮಾನತಿನಲ್ಲಿರಬಹುದು, ಅಥವಾ ಕಾರ್ಮಿಕರ ವಿಮೆ ಇಲ್ಲದಿರಬಹುದು. ರಾಜ್ಯದ ಗುತ್ತಿಗೆದಾರರ ಪರವಾನಗಿ ಮಂಡಳಿಯ ತಾಣದಲ್ಲಿ ಸಂಖ್ಯೆ ಹಾಕಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಗುತ್ತಿಗೆದಾರ ಇಡಬೇಕಾದ 25,000 ಡಾಲರ್‌ನ ಜಾಮೀನು ಬಾಂಡ್ ಜಾರಿಯಲ್ಲಿದೆಯೇ ಎಂಬುದೂ ಅಲ್ಲೇ ಕಾಣುತ್ತದೆ. 2025ರಿಂದ ಪರವಾನಗಿ ಇಲ್ಲದವರು 1,000 ಡಾಲರ್‌ಗಿಂತ ಕಡಿಮೆಯ ಕೆಲಸ ಮಾಡಬಹುದು ಎಂದಾಗಿದೆ, ಆದರೆ ಪರ್ಮಿಟ್ ಬೇಕಿರುವ ಕೆಲಸಕ್ಕೆ ಆ ರಿಯಾಯಿತಿ ಇಲ್ಲ. ಮುಂಗಡ 1,000 ಡಾಲರ್ ಅಥವಾ ಒಟ್ಟು ಬೆಲೆಯ ಶೇ 10, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ. ಅದಕ್ಕಿಂತ ಹೆಚ್ಚು ಕೇಳಿದವರಿಗೆ ಅಲ್ಲೇ ಕೈಮುಗಿಯಿರಿ.

900 ಡಾಲರ್ ಉಳಿತಾಯದ ಮಾತಿಗೆ ಬರೋಣ. ಪರ್ಮಿಟ್ ಶುಲ್ಕ ಊರಿಂದೂರಿಗೆ ಬೇರೆ. ಗುತ್ತಿಗೆದಾರನಿಗೆ ನಿಜವಾಗಿ ಉಳಿಯುವುದು ಪರೀಕ್ಷೆಯ ಖರ್ಚು, ಪರೀಕ್ಷೆಯಲ್ಲಿ ಸೋತರೆ ಮತ್ತೆ ಬಂದು ರಿಪೇರಿ ಮಾಡುವ ಖರ್ಚು. ರಾಜ್ಯದ ಇಂಧನ ಸಂಹಿತೆ, ಅಂದರೆ ಟೈಟಲ್ 24, ಫೋಲ್ಸಮ್ ಇರುವ 12ನೇ ಹವಾಮಾನ ವಲಯದಲ್ಲಿ ಮೂರು ಸಂಗತಿಗಳನ್ನು ಅಳೆಯಲು ಹೇಳುತ್ತದೆ. ಮೊದಲನೆಯದು ಡಕ್ಟ್, ಅಂದರೆ ಗಾಳಿಯನ್ನು ಕೋಣೆಗಳಿಗೆ ಒಯ್ಯುವ ಕೊಳವೆಯ ಸೋರಿಕೆ. ಹಳೆಯ ಡಕ್ಟ್ ಉಳಿಸಿಕೊಂಡರೆ ಅದು ಯಂತ್ರದ ಗಾಳಿಯ ಶೇ 10 ಮೀರಬಾರದು. ಟನ್ನಿಗೆ 400 ಘನ ಅಡಿಯಂತೆ ನಿಮ್ಮ 4 ಟನ್ನಿಗೆ ನಿಮಿಷಕ್ಕೆ 1,600, ಅಂದರೆ ಸೋರಿಕೆಯ ಮಿತಿ 160. ಎರಡನೆಯದು ಗಾಳಿಯ ಹರಿವು: ಟನ್ನಿಗೆ ಕನಿಷ್ಠ 300, ನಿಮ್ಮಲ್ಲಿ 1,200. ಮೂರನೆಯದು ಅನಿಲ ತುಂಬಿದ ಪ್ರಮಾಣ. ಗುತ್ತಿಗೆದಾರ ಅಳೆದದ್ದನ್ನು ಅವನ ಕಡೆಯವರಲ್ಲದ ಸ್ವತಂತ್ರ ರೇಟರ್ (ಪರೀಕ್ಷಕ) ಪರಿಶೀಲಿಸಬೇಕು. ಇಷ್ಟು ದಿನ ಎಚ್‌ಇಆರ್‌ಎಸ್ ರೇಟರ್ ಎನ್ನುತ್ತಿದ್ದರು, 2026ರ ಜನವರಿ 1ರಿಂದ ಜಾರಿಗೆ ಬಂದ ಸಂಹಿತೆಯಲ್ಲಿ ಇಸಿಸಿ ರೇಟರ್ ಎನ್ನುತ್ತಾರೆ.

ಇಪ್ಪತ್ತು ವರ್ಷದ ಡಕ್ಟ್ ಮೊದಲ ಸಲಕ್ಕೇ ಪಾಸಾಗುವುದು ಅಪರೂಪ. ಸೋರುವ ಜಾಗಗಳೂ ಹೆಚ್ಚುಕಡಿಮೆ ಗೊತ್ತಿರುವಂಥವೇ: ಫರ್ನೆಸ್‌ಗೂ ಡಕ್ಟ್‌ಗಳು ಹೊರಡುವ ಪ್ಲೀನಮ್ ಪೆಟ್ಟಿಗೆಗೂ ನಡುವಿನ ಸಂದು, ಡಕ್ಟ್ ಕವಲೊಡೆಯುವಲ್ಲಿನ ಕಾಲರ್, ಚಾವಣಿಯ ಜಿಪ್ಸಮ್ ಹಲಗೆಗೂ ಕೋಣೆಗೆ ಗಾಳಿ ಬಿಡುವ ರಿಜಿಸ್ಟರ್ ಡಬ್ಬಿಗೂ ನಡುವಿನ ಬಿರುಕು. ಬಟ್ಟೆಯ ಡಕ್ಟ್ ಟೇಪ್ ಅಟ್ಟದ ಬಿಸಿಗೆ ಒಣಗಿ ಉದುರುತ್ತದೆ, ಅಲ್ಲಿ ಬೇಕಾದದ್ದು ಬ್ರಷ್‌ನಲ್ಲಿ ಬಳಿಯುವ ಮ್ಯಾಸ್ಟಿಕ್ ಅಂಟು. ‘ಡಕ್ಟ್ ಸೀಲಿಂಗ್, ಪರೀಕ್ಷೆ ಪಾಸಾಗುವವರೆಗೆ ಇದೇ ಬೆಲೆಯಲ್ಲಿ’ ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಈ ಒಂದು ಸಾಲಿಲ್ಲದಿದ್ದರೆ ರೇಟರ್ ಬಂದುಹೋದ ಮೇಲೆ ಹೊಸ ಬಿಲ್ ಬರುತ್ತದೆ. ಡಕ್ಟ್‌ಗೆ ಕಲ್ನಾರಿನ ಹೊದಿಕೆ ಇದ್ದರೆ ಸೋರಿಕೆ ಪರೀಕ್ಷೆಗೆ ವಿನಾಯಿತಿ ಇದೆ, ಆದರೆ 2003ರ ನಿಮ್ಮ ಮನೆಗೆ ಆ ಚಿಂತೆ ಬರಲಾರದು.

ಒಂದು ಸಣ್ಣ ವಿಷಯ ಬಹಳಷ್ಟು ಜನರನ್ನು ಕೊನೆಗಳಿಗೆಯಲ್ಲಿ ಸಿಕ್ಕಿಸುತ್ತದೆ. 1,000 ಡಾಲರ್ ಮೀರಿದ ಪರ್ಮಿಟ್ ಕೆಲಸವಾದರೆ ಮನೆಯಲ್ಲಿ ಹೊಗೆ ಎಚ್ಚರಿಕೆಯ ಸಾಧನಗಳು ಸರಿಯಾದ ಜಾಗಗಳಲ್ಲಿರಬೇಕು: ಪ್ರತಿ ಮಲಗುವ ಕೋಣೆ, ಅದರ ಹೊರಗಿನ ಪಡಸಾಲೆ, ಪ್ರತಿ ಮಹಡಿ. ಗ್ಯಾಸ್ ಉಪಕರಣವೋ ಮನೆಗಂಟಿದ ಗ್ಯಾರೇಜೋ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಸಾಧನವೂ ಬೇಕು. ಎಸಿ ಎಲ್ಲ ಸರಿಯಿದ್ದು, ಹತ್ತು ವರ್ಷ ದಾಟಿದ ಹೊಗೆ ಸಾಧನದಿಂದಾಗಿ ಫೇಲಾಗುವ ಮನೆಗಳಿವೆ.

ಜುಲೈ ಬಿಸಿಲಲ್ಲಿ ಪರ್ಮಿಟ್‌ಗಾಗಿ ಕಾಯಬೇಕೆ ಎಂಬ ಹೆದರಿಕೆ ಬೇಡ. ತುರ್ತು ಬದಲಾವಣೆಗೆ ಮುಂದಿನ ಕೆಲಸದ ದಿನ ಅರ್ಜಿ ಹಾಕಬಹುದು ಎಂಬ ನಿಯಮ ಹೆಚ್ಚಿನ ನಗರಗಳಲ್ಲಿದೆ.

ಪ್ರಶ್ನೆ: ಪರ್ಮಿಟ್ ತೆಗೆದೇ ಹೊಸ 4 ಟನ್ ಯಂತ್ರ ಹಾಕಿಸಿದೆವು. ಇನ್‌ಸ್ಪೆಕ್ಟರ್ ಬಂದವರು ‘ಬ್ರೇಕರ್ ದೊಡ್ಡದು, ಡಿಸ್‌ಕನೆಕ್ಟ್ (ಯಂತ್ರದ ವಿದ್ಯುತ್ ಕಡಿಯುವ ಸ್ವಿಚ್) ಸರಿಯಿಲ್ಲ, ನೀರಿನ ಪೈಪ್ ಸರಿಯಿಲ್ಲ’ ಎಂದು ಬರೆದು ಹೋದರು. ಹಳೆಯ ಎಸಿ ಅದೇ 50 ಆಂಪಿಯರ್ ಬ್ರೇಕರ್‌ನಲ್ಲಿ ಹದಿನೆಂಟು ವರ್ಷ ಓಡಿದೆಯಲ್ಲ?
— ಓದುಗರು, ರಾಕ್ಲಿನ್

ಉತ್ತರ: ಓಡಿದ್ದು ಹಳೆಯ ಯಂತ್ರ. ಕಂಡೆನ್ಸರ್‌ನ ಲೋಹದ ಪಟ್ಟಿಯಲ್ಲಿ ಎರಡು ಸಂಖ್ಯೆಗಳಿರುತ್ತವೆ. ಒಂದು ತಂತಿ ತಾಳಿಕೊಳ್ಳಬೇಕಾದ ಕನಿಷ್ಠ ಆಂಪಿಯರ್, ಇನ್ನೊಂದು ಬ್ರೇಕರ್‌ನ ಗರಿಷ್ಠ ಮಿತಿ. ಹೊಸ ಯಂತ್ರಗಳು ಕಡಿಮೆ ವಿದ್ಯುತ್ ಎಳೆಯುವುದರಿಂದ ಈ ಮಿತಿಯೂ ಕೆಳಗಿಳಿದಿದೆ. ಪಟ್ಟಿಯಲ್ಲಿ 35 ಎಂದಿದ್ದು ಬ್ರೇಕರ್ 50 ಇದ್ದರೆ ಒಳಗೆ ದೋಷವಾದಾಗ ಅದು ಬೀಳಬೇಕಾದಷ್ಟು ಬೇಗ ಬೀಳುವುದಿಲ್ಲ. ಹಳೆಯ ದಪ್ಪ ತಂತಿ ಇದ್ದರೆ ತೊಂದರೆಯಿಲ್ಲ, ಬ್ರೇಕರ್ ಮಾತ್ರ ಬದಲಿಸಿದರೆ ಸಾಕು. ನಿಮ್ಮ ಪ್ಯಾನೆಲ್‌ಗೆ ಒಪ್ಪಿಗೆಯಾದ ಮಾದರಿಯದೇ ಇರಲಿ, ಎಲ್ಲೋ ಸಿಕ್ಕಿದ್ದನ್ನು ತುರುಕಿದರೆ ಮತ್ತೆ ಫೇಲ್.

ಡಿಸ್‌ಕನೆಕ್ಟ್ ಪೆಟ್ಟಿಗೆ ಕಂಡೆನ್ಸರ್‌ನಿಂದ ಕಣ್ಣಳತೆಯಲ್ಲಿ, 50 ಅಡಿಯೊಳಗೆ ಇರಬೇಕು. ಅದರ ಮುಂದೆ 30 ಇಂಚು ಅಗಲ, 36 ಇಂಚು ಆಳದ ಜಾಗ ಖಾಲಿ ಬಿಡಬೇಕು. ಹೊಸ ಯಂತ್ರಗಳು ಗಾತ್ರದಲ್ಲಿ ದೊಡ್ಡವು. ಹಳೆಯ ಹಾಸುಗಲ್ಲಿನ ಮೇಲೆಯೇ ಕೂರಿಸಿದಾಗ ಪೆಟ್ಟಿಗೆ ಯಂತ್ರದ ಬೆನ್ನ ಹಿಂದೆ ಅಡಗಿಬಿಡುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ. ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸುವುದು ಸುಲಭ, ಕಂಡೆನ್ಸರನ್ನು ಸರಿಸುವುದಲ್ಲ.

ನೀರಿನ ಪೈಪಿನ ಆಕ್ಷೇಪ ಏನೆಂದು ಬರೆದಿಲ್ಲ. ಸಾಮಾನ್ಯವಾಗಿ ಇವು: ಅಟ್ಟದ ಕಾಯಿಲ್ ಕೆಳಗೆ ಎರಡನೇ ತಟ್ಟೆ ಬೇಕು, ಒಂದೂವರೆ ಇಂಚು ಆಳ, ಯಂತ್ರಕ್ಕಿಂತ 3 ಇಂಚು ದೊಡ್ಡದು. ಮುಕ್ಕಾಲು ಇಂಚಿಗಿಂತ ಸಣ್ಣ ಪೈಪ್ ಆಗದು, ಪ್ರತಿ ಅಡಿ ಉದ್ದಕ್ಕೆ ಇಂಚಿನ ಎಂಟನೇ ಒಂದರಷ್ಟಾದರೂ ಇಳಿಜಾರು ಬೇಕು. ಎರಡನೇ ತಟ್ಟೆಯ ಪೈಪ್ ಕಣ್ಣಿಗೆ ಬೀಳುವ ಕಡೆ, ಕಿಟಕಿಯ ಮೇಲೋ ಬಾಗಿಲ ಮೇಲೋ ಹೊರಬರಬೇಕು. ಅಲ್ಲಿ ನೀರು ತೊಟ್ಟಿಕ್ಕಿದರೆ ಮೊದಲ ಪೈಪ್ ಕಟ್ಟಿಕೊಂಡಿದೆ ಎಂದರ್ಥ. ಅದು ಕುರೂಪ ಎಂದು ಅದನ್ನು ಚರಂಡಿ ಪೈಪಿಗೆ ಸೇರಿಸಿಬಿಟ್ಟರೆ ಎಚ್ಚರಿಕೆಯೇ ಹೋಯಿತು, ಮುಂದಿನ ಸುಳಿವು ಚಾವಣಿ ಕುಸಿದಾಗಲೇ. ಪೈಪ್ ಒಯ್ಯಲಾಗದಿದ್ದರೆ ತಟ್ಟೆಯಲ್ಲಿ ನೀರೇರಿದೊಡನೆ ಎಸಿ ನಿಲ್ಲಿಸುವ ತೇಲುಸ್ವಿಚ್ ಹಾಕಿಸಿ.

ಪರ್ಮಿಟ್ ಕೆಲಸ ಶುರುಮಾಡಲು 12 ತಿಂಗಳ ಅವಧಿ ಇರುತ್ತದೆ, ಆದರೆ ಮರುತಪಾಸಣೆಯನ್ನು ಮರೆಯಬೇಡಿ. ಅಂತಿಮ ಸಹಿಯಾಗದ ಪರ್ಮಿಟ್ ದಾಖಲೆಯಲ್ಲಿ ‘ಮುಗಿದಿಲ್ಲ’ ಎಂದೇ ಉಳಿಯುತ್ತದೆ. ಅಂತಿಮ ಸಹಿಯಾಗುವವರೆಗೆ ಕೊನೆಯ ಕಂತನ್ನು ಕೊಡಬೇಡಿ.

ಪ್ರಶ್ನೆ: ಕೆಪಾಸಿಟರ್, ಫ್ಯಾನ್ ಮೋಟರ್ ಬದಲಿಸಿದರೂ ಪರ್ಮಿಟ್ ಬೇಕೆ? ಕಿಟಕಿ ಎಸಿಗೆ?
— ಓದುಗರು, ಫ್ರೀಮಾಂಟ್

ಉತ್ತರ: ಬೇಡ. ಸಣ್ಣ ಬಿಡಿಭಾಗದ ಬದಲಾವಣೆಗೂ, ಪ್ಲಗ್ ಚುಚ್ಚಿ ಓಡಿಸುವ ಕಿಟಕಿ ಅಥವಾ ಉರುಳುಗಾಲಿ ಎಸಿಗೂ ಪರ್ಮಿಟ್ ಇಲ್ಲ. ಟೌನ್‌ಹೌಸ್ ಆದರೆ ಎಚ್‌ಒಎ (ಮನೆಮಾಲೀಕರ ಸಂಘ) ಕಿಟಕಿ ಎಸಿಗೆ ಬೇಡವೆನ್ನಬಹುದು. ಅದು ನಗರದ ಪರ್ಮಿಟ್‌ಗಿಂತ ಬೇರೆ, ಒಂದು ಇದ್ದರೆ ಇನ್ನೊಂದು ಸಿಕ್ಕಿತೆಂದಲ್ಲ.

ಪ್ರಶ್ನೆ: ಗ್ಯಾರೇಜ್ ಮೇಲಿನ ಕೋಣೆಗೆ ಅನಿಲ ತುಂಬಿಯೇ ಬರುವ, ಕ್ವಿಕ್ ಕನೆಕ್ಟ್ ಜೋಡಣೆಯ ಮಿನಿ ಸ್ಪ್ಲಿಟ್ ತಂದು ನಾನೇ ಹಾಕಿಕೊಳ್ಳಬೇಕೆಂದಿದ್ದೇನೆ.
— ಓದುಗರು, ಟ್ರೇಸಿ

ಉತ್ತರ: ಶೈತ್ಯಕಾರಕ ಅನಿಲದ ಕೊಳವೆ ಬಿಚ್ಚಿ ಕೆಲಸ ಮಾಡುವವರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ 608 ಪ್ರಮಾಣಪತ್ರ ಬೇಕು. ನೀವು ಹೇಳುವ ಕಿಟ್ ಆ ತೊಡಕನ್ನು ಮಾತ್ರ ತಪ್ಪಿಸುತ್ತದೆ. ನಗರದ ಯಾಂತ್ರಿಕ ಪರ್ಮಿಟ್, ಹೊಸ 240 ವೋಲ್ಟ್ ಸರ್ಕ್ಯೂಟ್‌ಗೆ ವಿದ್ಯುತ್ ಪರ್ಮಿಟ್ ಎರಡೂ ಬೇಕೇ ಬೇಕು. ಸ್ವಂತ ಮನೆಗೆ ಸ್ವಂತ ಕೈಯಲ್ಲಿ ಮಾಡುವುದಾದರೆ ಮಾಲೀಕ-ನಿರ್ಮಾತೃ ಪರ್ಮಿಟ್ ಇರುವುದೇ ಅದಕ್ಕೆ. ಹೊರಗಿನ ಯಂತ್ರ ಪಕ್ಕದ ಮನೆಯ ಗಡಿಗೆ ಎಷ್ಟು ದೂರವಿರಬೇಕೆಂದು ಗೋಡೆ ಕೊರೆಯುವ ಮೊದಲೇ ಕೇಳಿಕೊಳ್ಳಿ. ಹೆಚ್ಚಾದ ಕೊಳವೆಯನ್ನು ಕತ್ತರಿಸಬೇಡಿ, ಕತ್ತರಿಸಿದರೆ ತುಂಬಿದ ಅನಿಲ ಹೋಯಿತು. ಮಲಗಿಸಿ ಸುರುಳಿ ಮಾಡಿ.

ಪ್ರಶ್ನೆ: ಕೊಳ್ಳಲು ನೋಡುತ್ತಿರುವ ಮನೆಯಲ್ಲಿ ಎಸಿ ಹೊಸದು, ನಗರದ ದಾಖಲೆಯಲ್ಲಿ ಪರ್ಮಿಟ್ ಇಲ್ಲ. ಬಿಟ್ಟುಬಿಡಬೇಕೆ?
— ಓದುಗರು, ಎಲ್ಕ್ ಗ್ರೋವ್

ಉತ್ತರ: ಮನೆ ಬಿಡುವಂಥ ದೋಷವಲ್ಲ, ಬೆಲೆ ಚೌಕಾಸಿಗೆ ಒಳ್ಳೆಯ ಕಾರಣ. ಪರ್ಮಿಟ್ ಇಲ್ಲದೆ ಮಾಡಿದ ಬದಲಾವಣೆಯನ್ನು ಮಾರುವವರು ತಿಳಿಸಬೇಕಾದ ನಮೂನೆ ಕ್ಯಾಲಿಫೋರ್ನಿಯಾದಲ್ಲಿದೆ. ಅದರಲ್ಲಿ ಏನು ಬರೆದಿದ್ದಾರೆ ನೋಡಿ. ಆಗಿಹೋದ ಕೆಲಸಕ್ಕೂ ಪರ್ಮಿಟ್ ತೆಗೆಯಬಹುದು, ಶುಲ್ಕದ ಜೊತೆಗೆ ದಂಡವೂ ಬೀಳಬಹುದು. ಎಸ್ಕ್ರೋ (ಹಣ, ಕಾಗದಪತ್ರ ಮೂರನೆಯವರ ಬಳಿ ಇರುವ ಅವಧಿ) ಮುಗಿಯುವ ಮೊದಲು ಮಾರುವವರೇ ತೆಗೆದು ಅಂತಿಮ ಸಹಿ ಮಾಡಿಸಿಕೊಡಲಿ ಎಂದು ಕೇಳಿ. ಆಮೇಲೆ ನೋಡೋಣ ಎಂದರೆ ಡಕ್ಟ್ ರಿಪೇರಿಯ ಖರ್ಚು ನಿಮ್ಮ ತಲೆಗೆ ಬರುತ್ತದೆ. ಚಳಿಗಾಲದ ವ್ಯವಹಾರವಾದರೆ ಇನ್ನೊಂದು ತೊಡಕಿದೆ. ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಿದ್ದರೆ ಅನಿಲದ ಪ್ರಮಾಣವನ್ನು ಸಾಮಾನ್ಯ ವಿಧಾನದಲ್ಲಿ ಅಳೆಯಲಾಗದು.

ಪ್ರಶ್ನೆ: ನಮ್ಮದು ಅಪಾರ್ಟ್‌ಮೆಂಟ್. ಹಳೆಯ ಒಂದೂವರೆ ಟನ್ ಎಸಿ ಬದಲಿಸಬೇಕು. ಅಮೆರಿಕದಲ್ಲಿರುವ ಮಗ ‘ಪರ್ಮಿಟ್ ವಿಚಾರಿಸು’ ಎನ್ನುತ್ತಾನೆ. ಇಲ್ಲಿ ಅಂಥದ್ದೇನಾದರೂ ಇದೆಯೆ?
— ಓದುಗರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಇದ್ದ ಜಾಗದಲ್ಲೇ ಸ್ಪ್ಲಿಟ್ ಎಸಿ ಬದಲಿಸಲು ಪಾಲಿಕೆಯ ಅನುಮತಿ ಬೇಕಿಲ್ಲ. ನೀವು ಕೇಳಬೇಕಾದದ್ದು ಎರಡು ಕಡೆ. ಮೊದಲು ಸಂಘವನ್ನು: ಹೊರಗೋಡೆ ಎಲ್ಲರಿಗೂ ಸೇರಿದ್ದು, ಹೊರಘಟಕದ ಜಾಗ ಬದಲಾದರೆ ಅಥವಾ ಹೊಸ ರಂಧ್ರ ಕೊರೆದರೆ ಲಿಖಿತ ಒಪ್ಪಿಗೆ ಪಡೆಯಿರಿ. ಆಮೇಲೆ ಬೆಸ್ಕಾಂ ಬಿಲ್ ತೆಗೆದು ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ನೋಡಿ. 3 ಕಿಲೋವಾಟ್ ಇದ್ದು, 2 ಕಿಲೋವಾಟ್ ಗೀಸರ್ ಜೊತೆ ಒಂದೂವರೆ ಕಿಲೋವಾಟ್ ಎಸಿ ಓಡಿದರೆ ಮಿತಿ ಮೀರಿತು. ಹಳೆಯದರ ಬದಲಿಗೆ ಹೊಸದಾದರೆ ಲೋಡ್ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಎರಡನೇ ಎಸಿ ಸೇರಿಸುವಾಗ ಮಾತ್ರ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ಮೂಲಕ ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಿ.

ಇಲ್ಲಿ ತಪಾಸಣೆಗೆ ಯಾರೂ ಬರುವುದಿಲ್ಲ, ಆದ್ದರಿಂದ ನಿಂತು ನೋಡಬೇಕಾದವರು ನೀವೇ. ಹೊಸ ಯಂತ್ರದಲ್ಲಿ ಆರ್-32 ಇದ್ದರೆ ತಾಮ್ರದ ಕೊಳವೆಯ ತುದಿಯ ಫ್ಲೇರ್ (ಜೋಡಣೆಗೆ ಅಗಲಿಸಿದ ಬಾಯಿ) ಹೊಸದಾಗಿ ಮಾಡಿಸಿ. ನಿರ್ವಾತಕ್ಕೆ ಪಂಪ್ ತಂದಿದ್ದಾರೆಯೇ ನೋಡಿ. ಅನಿಲವನ್ನೇ ಸ್ವಲ್ಪ ಬಿಟ್ಟು ಗಾಳಿ ಓಡಿಸಿದೆವು ಎಂದರೆ ಒಪ್ಪಬೇಡಿ, ಒಳಗುಳಿದ ತೇವ ಕಂಪ್ರೆಸರ್ ತಿನ್ನುತ್ತದೆ. ಪ್ರತ್ಯೇಕ 20 ಆಂಪಿಯರ್ ಎಂಸಿಬಿ, 4 ಚದರ ಮಿಲಿಮೀಟರ್ ತಾಮ್ರದ ತಂತಿ, ಅರ್ಥಿಂಗ್ ಇರಲಿ. ಹಳೆಯ ಯಂತ್ರವನ್ನು ಗುಜರಿಗೆ ಕೊಡುವ ಬದಲು ಅಂಗಡಿಯ ವಿನಿಮಯಕ್ಕೆ ಕೊಡಿ, ಎಸಿ ಇ-ತ್ಯಾಜ್ಯದ ನಿಯಮಕ್ಕೆ ಸೇರುತ್ತದೆ. ನೀರಿನ ಪೈಪ್ ಕೆಳಮನೆಯ ಬಾಲ್ಕನಿಗೆ ಸುರಿಯದಂತೆ ಚರಂಡಿ ಕೊಳವೆಗೆ ಇಳಿಬಿಡಿ.