ಉಡುಪಿಯಿಂದ ಮಕ್ಕಳೊಂದಿಗೆ ದುಬೈಗೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ?

ನಿಮ್ಮ ಪ್ರಶ್ನೆ ಇಷ್ಟು: ಯಜಮಾನರು ಆರು ತಿಂಗಳಿಂದ ದುಬೈಯಲ್ಲಿದ್ದಾರೆ. ಒಂದನೇ ಕ್ಲಾಸು ಮುಗಿಸುತ್ತಿರುವ ಮಗಳು, ಮೂರು ವರ್ಷದ ಮಗ ಇಬ್ಬರನ್ನೂ ಕರೆದುಕೊಂಡು ನೀವು ಉಡುಪಿಯಿಂದ ಹೊರಡಬೇಕು. ಏನೇನು ಒಯ್ಯಬೇಕು, ಇಳಿದ ಮೇಲೆ ಮೊದಲು ಯಾವ ಕೆಲಸ ಹಿಡಿಯಬೇಕು?

ಇಳಿದ ಮೇಲಿನ ಕೆಲಸದಲ್ಲಿ ಅರ್ಧದಷ್ಟು ಊರಲ್ಲೇ ಮುಗಿದಿರಬೇಕು. ಅಲ್ಲಿ ಒಂದು ಕಾಗದ ಇಲ್ಲದೆ ಇನ್ನೊಂದು ಕಾಗದ ಆಗುವುದಿಲ್ಲ. ಮನೆಯ ಕರಾರು ನೋಂದಣಿ ಆಗದೆ ಫ್ಯಾಮಿಲಿ ವೀಸಾ ಇಲ್ಲ, ದೃಢೀಕರಣ ಆಗದ ಮದುವೆ ಸರ್ಟಿಫಿಕೇಟಿಗೂ ವೀಸಾ ಇಲ್ಲ, ವೀಸಾ ಇಲ್ಲದೆ ಅಲ್ಲಿನ ಗುರುತಿನ ಚೀಟಿ ಎಮಿರೇಟ್ಸ್ ಐಡಿ ಇಲ್ಲ, ಐಡಿ ಇಲ್ಲದೆ ಬ್ಯಾಂಕು, ಮೊಬೈಲು, ಶಾಲೆ ಎಲ್ಲ ಕಡೆಯೂ ತಡ. ಹಾಗಾಗಿ ಸೂಟ್‌ಕೇಸಿಗಿಂತ ಮೊದಲು ಫೈಲು ತುಂಬಿಸಿ.

ಮದುವೆ ಕಟೀಲಿನಲ್ಲೋ ಕಲ್ಯಾಣ ಮಂಟಪದಲ್ಲೋ ಆಗಿ, ನಿಮ್ಮ ಕೈಯಲ್ಲಿ ದೇವಸ್ಥಾನದ ರಸೀದಿ ಮತ್ತು ಕರೆಯೋಲೆ ಮಾತ್ರ ಇದ್ದರೆ ಅದು ಸಾಲದು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿದ ಸರ್ಟಿಫಿಕೇಟೇ ಬೇಕು. ಅದಕ್ಕೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ್ದು, ಬಳಿಕ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿಯದ್ದು, ಕೊನೆಗೆ ಅಲ್ಲಿನ ವಿದೇಶಾಂಗ ಇಲಾಖೆಯ ಮುದ್ರೆ. ಈ ಕೊನೆಯದಕ್ಕೆ 150 ದಿರ್ಹಂ ಶುಲ್ಕ. ಮಕ್ಕಳ ಜನನ ಪ್ರಮಾಣಪತ್ರಕ್ಕೂ ಇದೇ ದಾರಿ. ಇಲ್ಲೇ ತುಂಬಾ ಜನ ಎಡವುವುದು: ಒಮಾನ್, ಬಹ್ರೇನ್, ಸೌದಿಗೆ ಹೋಗುವವರಿಗೆ ಅಪೋಸ್ಟಿಲ್ (ನಮ್ಮ ವಿದೇಶಾಂಗ ಸಚಿವಾಲಯದ ಮುದ್ರೆ, ರಾಯಭಾರ ಕಚೇರಿಗೆ ಹೋಗಬೇಕಾಗಿಲ್ಲ) ಸಾಕಾಗುತ್ತದೆ, ಯುಎಇಗೆ ಅದು ನಡೆಯುವುದಿಲ್ಲ. ಏಜೆಂಟರು "ಅಪೋಸ್ಟಿಲ್ ಮಾಡಿಸಿದ್ದೇವೆ, ಆಯಿತು" ಎಂದರೆ ಒಪ್ಪಬೇಡಿ. ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿದ್ದರೆ ಮುದ್ರೆ ಒತ್ತಲು ಬರುವುದಿಲ್ಲ, ಹೊಸ ಪ್ರತಿ ತೆಗೆಸಿ.

ಹೆಸರುಗಳನ್ನು ಒಂದು ಸಂಜೆ ಕೂತು ಒಂದೊಂದಾಗಿ ತಾಳೆ ನೋಡಿ. ನಮ್ಮ ಕಡೆ ಇನಿಷಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ. ಶೆಟ್ಟಿ, ಭಟ್, ಪೂಜಾರಿ ಮದುವೆ ಸರ್ಟಿಫಿಕೇಟಿನಲ್ಲಿ ಉಂಟು, ಪಾಸ್‌ಪೋರ್ಟಿನಲ್ಲಿ ಇಲ್ಲ. ಮಕ್ಕಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ ಈಗಲೇ ಸರಿಪಡಿಸುವುದು ಒಳ್ಳೆಯದು. ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರಿನಲ್ಲಿ ನಿಯಮ ತಂದಿತು. ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುತ್ತಾರೆ ಎಂದು ಆಮೇಲೆ ಸಡಿಲಿಸಿದರು. ರೆಸಿಡೆನ್ಸ್ ವೀಸಾದವರಿಗೆ ಆ ನಿಯಮ ಅಲ್ಲವಾದರೂ, ನಾಳೆ ಅಜ್ಜ-ಅಜ್ಜಿ ವಿಸಿಟ್‌ಗೆ ಬರುವಾಗ ಇದೇ ತಲೆನೋವು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ ಇರುವುದೂ ಉಂಟು, ಏಕೆಂದರೆ ಆಸ್ಪತ್ರೆಯಿಂದ ಮಾಹಿತಿ ಹೋದಾಗ ನಾಮಕರಣವೇ ಆಗಿರುವುದಿಲ್ಲ. ಹೆಸರು ಸೇರಿಸಿದ ಮೇಲೆಯೇ ದೃಢೀಕರಣಕ್ಕೆ ಕಳಿಸಿ.

ಅಲ್ಲಿ ಯಜಮಾನರ ಪಾಲಿನ ಕೆಲಸ ಮನೆ. ಹೆಂಡತಿ ಮಕ್ಕಳನ್ನು ಸ್ಪಾನ್ಸರ್ ಮಾಡಲು ತಿಂಗಳ ಸಂಬಳ ಕನಿಷ್ಠ 4,000 ದಿರ್ಹಂ, ಅಥವಾ 3,000 ಮತ್ತು ಕಂಪನಿಯ ವಸತಿ ಇರಬೇಕು. ದುಬೈಯಲ್ಲಿ ಬಾಡಿಗೆ ಕರಾರನ್ನು ನೋಂದಾಯಿಸುವುದಕ್ಕೆ ಇಜಾರಿ ಎನ್ನುತ್ತಾರೆ, ವೀಸಾ ಅರ್ಜಿಗೆ ಅದು ಬೇಕೇ ಬೇಕು. ಬ್ಯಾಚಲರ್‌ಗಳ ಜತೆ ಬೆಡ್ ಸ್ಪೇಸಿನಲ್ಲಿ, ಅಂದರೆ ಹಂಚಿಕೊಂಡ ಕೋಣೆಯ ಒಂದು ಮಂಚದ ಬಾಡಿಗೆಯಲ್ಲಿ, ಇರುವವರು ಇಲ್ಲೇ ಸಿಕ್ಕಿಬೀಳುತ್ತಾರೆ: ಹೆಸರಿಗೆ ಇಜಾರಿ ಇಲ್ಲ, ಇಜಾರಿ ಇಲ್ಲದೆ ಫ್ಯಾಮಿಲಿ ವೀಸಾ ಇಲ್ಲ.

ಬಾಡಿಗೆ ತಿಂಗಳ ಲೆಕ್ಕದಲ್ಲಿ ಅಲ್ಲ, ವರ್ಷದ ಲೆಕ್ಕದಲ್ಲಿ, ಮುಂದಿನ ತಾರೀಕಿನ ಚೆಕ್‌ಗಳಲ್ಲಿ. ವರ್ಷಕ್ಕೆ 60,000 ದಿರ್ಹಂನ ಫ್ಲ್ಯಾಟು, ನಾಲ್ಕು ಚೆಕ್ ಎಂದುಕೊಳ್ಳಿ. ಮೊದಲ ಚೆಕ್ 15,000. ಪೀಠೋಪಕರಣ ಇಲ್ಲದ ಮನೆಗೆ ಸಾಮಾನ್ಯವಾಗಿ 5% ಡೆಪಾಸಿಟ್, ಅಂದರೆ 3,000. ಬ್ರೋಕರ್‌ಗೆ 5% ಮತ್ತು ಅದರ ಮೇಲೆ ವ್ಯಾಟ್, 3,150. ಕರೆಂಟು-ನೀರಿನ ಇಲಾಖೆ ದೇವಾಗೆ ಫ್ಲ್ಯಾಟಿನ ಡೆಪಾಸಿಟ್ 2,000, ವಿಲ್ಲಾ ಆದರೆ 4,000. ಜೋಡಣೆ ಶುಲ್ಕ, ಇಜಾರಿ ಎಲ್ಲ ಸೇರಿ ಕೀಲಿಕೈ ಸಿಗುವಷ್ಟರಲ್ಲಿ 23,500ರ ಆಸುಪಾಸು ಕೈಬಿಟ್ಟಿರುತ್ತದೆ. ಮಂಚ, ಫ್ರಿಜ್ಜು, ವಾಷಿಂಗ್ ಮೆಷಿನ್ನು ಇನ್ನೂ ಬಂದಿಲ್ಲ. ಚೆಕ್ ತಾರೀಕಿನ ದಿನ ಖಾತೆಯಲ್ಲಿ ದುಡ್ಡು ಇರಲೇಬೇಕು, ಅಲ್ಲಿ ಚೆಕ್ ಬೌನ್ಸ್ ಹಗುರದ ವಿಷಯವಲ್ಲ.

ಜಾಹೀರಾತಿನ ಬಾಡಿಗೆ ಮಾತ್ರ ನೋಡಿ ಲೆಕ್ಕ ಹಾಕಬೇಡಿ. ವಾರ್ಷಿಕ ಬಾಡಿಗೆಯ 5% ಹೌಸಿಂಗ್ ಫೀ ಎಂದು ಹನ್ನೆರಡು ಕಂತಾಗಿ ದೇವಾ ಬಿಲ್ಲಿನಲ್ಲೇ ಬರುತ್ತದೆ; 60,000ಕ್ಕೆ ತಿಂಗಳಿಗೆ 250. ಕೆಲವು ಕಟ್ಟಡಗಳಲ್ಲಿ ಎಸಿಯ ತಣ್ಣೀರು ಬೇರೆ ಕಂಪನಿಯದ್ದು, ಅದಕ್ಕೆ ಬೇರೆ ಡೆಪಾಸಿಟ್, ಬೇರೆ ಬಿಲ್ಲು. "ಚಿಲ್ಲರ್ ಫ್ರೀ" ಎಂದು ಬರೆದ, ಅಂದರೆ ಆ ಬಿಲ್ಲು ನಿಮ್ಮ ಮೇಲೆ ಬೀಳದ ಮನೆ ಸ್ವಲ್ಪ ದುಬಾರಿ ಕಂಡರೂ ಮೊದಲ ವರ್ಷಕ್ಕೆ ನಾನು ಅದನ್ನೇ ಹೇಳುತ್ತೇನೆ, ಬೇಸಿಗೆಯ ಬಿಲ್ಲಿಗೆ ಬೆಚ್ಚಿಬೀಳಬೇಕಾಗಿಲ್ಲ. ಮನೆಯಲ್ಲಿ ವಾಸಿಸುವ ಎಲ್ಲರ ಹೆಸರನ್ನೂ ಅಲ್ಲಿನ ಭೂ ಇಲಾಖೆಯ ದುಬೈ ರೆಸ್ಟ್ ಆ್ಯಪಿನಲ್ಲಿ ಸೇರಿಸಬೇಕು, ನೀವು ಬಂದ ಮೇಲೆ ಇದನ್ನು ಮರೆಯಬೇಡಿ.

ಲಗೇಜಿಗೆ ಬರೋಣ. ಕುಚ್ಚಲಕ್ಕಿ, ತೆಂಗಿನಕಾಯಿ, ಬ್ಯಾಡಗಿ ಮೆಣಸು, ಹುಣಸೆಹುಳಿ, ಬಂಗುಡೆ, ಬೂತಾಯಿ ಎಲ್ಲ ಅಲ್ಲಿ ಸಿಗುತ್ತದೆ. ಕರಾಮಾ, ಅಲ್ ನಹ್ದಾ, ಅಲ್ ಕುಸೈಸ್ ಕಡೆ ಮನೆಯಾದರೆ ಕೆಳಗಿಳಿದರೆ ಅಂಗಡಿ. ಮೀನಿಗೆ ದೇರಾದ ವಾಟರ್‌ಫ್ರಂಟ್ ಮಾರ್ಕೆಟ್, ಅಲ್ಲಿ ಮೀನು ಕತ್ತರಿಸಿ ಶುಚಿ ಮಾಡಿಕೊಡುವವರು ಬೇರೆಯೇ ಇದ್ದಾರೆ. ಆದ್ದರಿಂದ ಅಕ್ಕಿಯ ಚೀಲ ಹೊರುವುದು ದಂಡ. ಹೊರಲೇಬಾರದ ಕೆಲವೂ ಇವೆ. ಗಸಗಸೆ ಯುಎಇಯಲ್ಲಿ ನಿಷಿದ್ಧ, ಅಫೀಮಿನ ಗಿಡದ ಬೀಜ ಎಂಬ ಕಾರಣಕ್ಕೆ. ಪೊಟ್ಟಣ ಕಟ್ಟಿ ಒಯ್ಯುವವರು ಕಡಿಮೆ, ಆದರೆ ಮನೆಯಲ್ಲಿ ಹುರಿದು ಪುಡಿ ಮಾಡಿದ ಮಸಾಲೆಗೆ ಗಸಗಸೆ ಹಾಕುವ ರೂಢಿ ಇದ್ದರೆ ಆ ಡಬ್ಬಿ ಊರಲ್ಲೇ ಇರಲಿ. ವೀಳ್ಯದೆಲೆಯೂ ಬೇಡ. ಒಣ ಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿಗೆ ಹಾಕಿದರೆ ಬಜ್ಪೆಯಲ್ಲೇ ತೆಗೆಸುತ್ತಾರೆ, ಎಣ್ಣೆಯ ಅಂಶ ಹೆಚ್ಚಿರುವುದರಿಂದ ಅದು ಬೆಂಕಿ ಹಿಡಿಯುವ ವಸ್ತುಗಳ ಪಟ್ಟಿಯಲ್ಲಿದೆ.

ಔಷಧಿ ಇನ್ನೂ ಗಂಭೀರ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್, ಪ್ರಿಗಾಬಾಲಿನ್, ಆಲ್ಪ್ರಜೋಲಾಮ್ ಅಲ್ಲಿ ನಿಯಂತ್ರಿತ ಔಷಧಿಗಳು. ನರದ ನೋವಿಗೆ ಊರಿನ ಡಾಕ್ಟರು ಸಲೀಸಾಗಿ ಬರೆದುಕೊಡುವ ಮಾತ್ರೆಯಲ್ಲೂ ಪ್ರಿಗಾಬಾಲಿನ್ ಇರಬಹುದು, ಬ್ರ್ಯಾಂಡ್ ಹೆಸರಲ್ಲ, ಒಳಗಿನ ಅಂಶದ ಹೆಸರು ಓದಿ. ಇಂಥದ್ದು ಬೇಕೇಬೇಕಾದರೆ ಹೊರಡುವ ಮೊದಲೇ ಅಲ್ಲಿನ ಆನ್‌ಲೈನ್ ಅನುಮತಿ ಪಡೆಯಬೇಕು. ಉಳಿದ ಮಾತ್ರೆಗಳಿಗೂ ಇಂಗ್ಲಿಷಿನಲ್ಲಿ ಬರೆದ ಚೀಟಿ ಜತೆಗಿರಲಿ. ಹಾಗೆಯೇ ಮಕ್ಕಳ ಲಸಿಕೆ ವಿವರ ತಾಯಿ ಕಾರ್ಡಿನಲ್ಲಿ ಕನ್ನಡದಲ್ಲಿದ್ದರೆ, ಮಕ್ಕಳ ಡಾಕ್ಟರಿಂದ ಇಂಗ್ಲಿಷಿನಲ್ಲಿ ತಾರೀಕು ಸಮೇತ ಬರೆಸಿ ಸಹಿ, ಸೀಲು ಹಾಕಿಸಿ. ಶಾಲೆಯಲ್ಲಿ ಕೇಳುತ್ತಾರೆ.

ಮಿಕ್ಸಿ ಒಯ್ಯಬಹುದು. ಅಲ್ಲೂ ನಮ್ಮಂತೆ 50 ಹರ್ಟ್ಸ್, ಸುಮಾರು 230 ವೋಲ್ಟ್, ಟ್ರಾನ್ಸ್‌ಫಾರ್ಮರ್ ಬೇಕಾಗಿಲ್ಲ. ಪ್ಲಗ್ ಮಾತ್ರ ಬೇರೆ, ಬ್ರಿಟಿಷ್ ಮಾದರಿಯ ಚಪ್ಪಟೆ ಮೂರು ಪಿನ್ನಿನ 13 ಆಂಪಿಯರ್ ಪ್ಲಗ್, ಒಳಗೆ ಫ್ಯೂಸ್ ಇರುತ್ತದೆ. ಅಗ್ಗದ ಯೂನಿವರ್ಸಲ್ ಅಡಾಪ್ಟರಿಗೆ ಗ್ರೈಂಡರ್ ಸಿಕ್ಕಿಸಿದರೆ ಅದು ಬಿಸಿಯಾಗಿ ಕರಗುತ್ತದೆ, ಕೇಬಲ್ಲಿನ ತುದಿಯ ಪ್ಲಗ್ಗನ್ನೇ ಬದಲಿಸುವುದು ಸರಿ. ಪಾತ್ರೆಯ ವಿಷಯದಲ್ಲಿ ಮನೆಯ ಒಲೆ ಯಾವುದೆಂದು ಯಜಮಾನರಿಂದ ಫೋಟೋ ತರಿಸಿ ನೋಡಿ. ಗ್ಯಾಸ್ ಆದರೆ ಚಿಂತೆಯಿಲ್ಲ. ಗಾಜಿನ ತಳದ ಎಲೆಕ್ಟ್ರಿಕ್ ಒಲೆಯಾದರೆ ನಡುವೆ ತಗ್ಗಿರುವ ಬೀಡಿನ ಕಾವಲಿ ಅದಕ್ಕೆ ಅಂಟಿ ಕೂರುವುದಿಲ್ಲ. ನಡುವೆ ಮಾತ್ರ ಕಾದು ನೀರುದೋಸೆಯ ಅಂಚು ಹಸಿಯಾಗಿಯೇ ಉಳಿಯುತ್ತದೆ. ಸಪಾಟು ತಳದ್ದೇ ಬೇಕು. ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬಾರದು. ಇಡ್ಲಿ ಹಿಟ್ಟು ಎಸಿ ಹಾಕಿದ ಮನೆಯಲ್ಲಿ ಉಬ್ಬುವುದಿಲ್ಲ ಎಂದು ಹೊಸಬರೆಲ್ಲ ದೂರುತ್ತಾರೆ. ಓವನ್ ಉರಿಸದೆ, ಒಳಗಿನ ದೀಪ ಮಾತ್ರ ಹಾಕಿ ಪಾತ್ರೆಯನ್ನು ಅದರೊಳಗೆ ಇಟ್ಟರೆ ಬೆಳಿಗ್ಗೆಗೆ ಉಬ್ಬಿರುತ್ತದೆ. ಅಡಿಯಲ್ಲೊಂದು ತಟ್ಟೆ ಇಡಿ, ಬೇಸಿಗೆಯಲ್ಲಿ ಉಕ್ಕಿ ಹರಿಯುತ್ತದೆ.

ಈಗ ಇಳಿದ ಮೇಲಿನ ಮಾತು. ವಯಸ್ಸು 18 ದಾಟಿದವರಿಗೆ ಮಾತ್ರ ಮೆಡಿಕಲ್, ಅಂದರೆ ನಿಮಗೊಬ್ಬರಿಗೆ: ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ. ಗರ್ಭಿಣಿಯಾಗಿದ್ದರೆ ಅಥವಾ ಅನುಮಾನವಿದ್ದರೆ ಎಕ್ಸ್‌ರೇಗೆ ಮೊದಲೇ ಹೇಳಿ. ಎಮಿರೇಟ್ಸ್ ಐಡಿಗೆ ಬೆರಳಚ್ಚು 15 ವರ್ಷ ಮೇಲ್ಪಟ್ಟವರಿಗೆ, ಮಕ್ಕಳಿಗೆ ಫೋಟೋ ಸಾಕು. 2022ರಿಂದ ಪಾಸ್‌ಪೋರ್ಟಿಗೆ ವೀಸಾ ಸ್ಟಿಕ್ಕರ್ ಅಂಟಿಸುವುದು ನಿಂತಿದೆ, ಐಡಿ ಕಾರ್ಡೇ ರೆಸಿಡೆನ್ಸಿಯ ಗುರುತು. ವೀಸಾ ಅರ್ಜಿಯನ್ನು ಅಲ್ಲಿನ ಸೇವಾ ಕೇಂದ್ರವಾದ ಆಮರ್ ಸೆಂಟರಿನಲ್ಲಿ ಕೊಡಬಹುದು. ಫೈಲು ಪೂರ್ತಿ ಒಯ್ಯಿರಿ, ಮದುವೆ ಸರ್ಟಿಫಿಕೇಟಿನ ಅರೇಬಿಕ್ ಅನುವಾದ ಕೇಳಿದರೆ ಪರವಾನಗಿ ಇರುವ ಅನುವಾದಕರಿಂದ ಅಲ್ಲೇ ಮಾಡಿಸಿದ್ದು ಮಾತ್ರ ನಡೆಯುತ್ತದೆ. ಆರೋಗ್ಯ ವಿಮೆ ಇಲ್ಲದೆ ದುಬೈಯಲ್ಲಿ ವೀಸಾ ಮುಂದೆ ಹೋಗುವುದಿಲ್ಲ. ಕಂಪನಿ ನೌಕರನಿಗೆ ಕೊಟ್ಟ ವಿಮೆ ಹೆಂಡತಿ ಮಕ್ಕಳಿಗೂ ಉಂಟೇ ಎಂದು ಎಚ್‌ಆರ್ ಹತ್ತಿರ ಮೊದಲೇ ಕೇಳಿಸಿ, ಇಲ್ಲದಿದ್ದರೆ ಖರ್ಚು ನಿಮ್ಮದೇ.

ಶಾಲೆಗೆ ಕಾಯುವ ಪಟ್ಟಿ ಇರುತ್ತದೆ, ಅರ್ಜಿ ಊರಲ್ಲಿ ಇರುವಾಗಲೇ ಹಾಕಿ. ಸಿಬಿಎಸ್‌ಇ ಶಾಲೆಗಳು ಅಲ್ಲೂ ಏಪ್ರಿಲಿನಲ್ಲಿ ಶುರು, ಜುಲೈ-ಆಗಸ್ಟ್ ಬೇಸಿಗೆ ರಜೆ. ಮಗಳು ಎರಡನೇ ತರಗತಿಗೆ ಸೇರುವುದರಿಂದ ಟಿಸಿ ಬೇಕು, ಅದಕ್ಕೂ ದೃಢೀಕರಣದ ಸಾಲು ಉಂಟು. ಟಿಸಿ ಕೈಗೆ ಬರುವುದು ಪರೀಕ್ಷೆ ಮುಗಿದ ಮೇಲೆ, ಶಾಲೆ ಶುರುವಾಗುವುದು ಅದರ ಬೆನ್ನಿಗೇ. ಹಾಗಾಗಿ ಟಿಸಿಯನ್ನು ಆಮೇಲೆ ಕೊಡಲು ಎಷ್ಟು ದಿನ ಬಿಡುತ್ತಾರೆ ಎಂದು ಸೇರಿಸುವ ಶಾಲೆಯಿಂದ ಇಮೇಲಿನಲ್ಲಿ ಬರೆಸಿಕೊಳ್ಳಿ. ಒಂದರಿಂದ ಒಂಬತ್ತರವರೆಗೆ ಅರೇಬಿಕ್ ಕಡ್ಡಾಯ, ಒಂದು ವರ್ಷ ತಡವಾಗಿ ಸೇರುವ ಮಗಳಿಗೆ ಅಕ್ಷರಗಳನ್ನು ರಜೆಯಲ್ಲೇ ಪರಿಚಯ ಮಾಡಿಸಿ. ಕನ್ನಡ ಶಾಲೆಯ ಪಾಠದಲ್ಲಿ ಸಿಗುವುದಿಲ್ಲ, ಕನ್ನಡ ಮಿತ್ರರು ಸಂಘದವರು ದುಬೈಯಲ್ಲಿ ಕನ್ನಡ ಪಾಠಶಾಲೆ ನಡೆಸುತ್ತಾರೆ. ಮಗನಿಗೆ ಏಪ್ರಿಲ್ ಶಾಲೆಯ ಕೆಜಿ 1ಕ್ಕೆ ಮಾರ್ಚ್ 31ಕ್ಕೆ ನಾಲ್ಕು ತುಂಬಿರಬೇಕು.

ಅತ್ತೆ-ಮಾವ, ಅಪ್ಪ-ಅಮ್ಮನ ಫೋನಿಗೆ ಬೋಟಿಮ್ ಎಂಬ ಕರೆಯ ಆ್ಯಪ್ ಹಾಕಿ, ಒಮ್ಮೆ ಕರೆ ಮಾಡಿ ತೋರಿಸಿಯೇ ಹೊರಡಿ. ದುಬೈಯಿಂದ ವಾಟ್ಸಾಪಿನಲ್ಲಿ ಮೆಸೇಜು ಹೋಗುತ್ತದೆ, ಕರೆ ಹೋಗುವುದಿಲ್ಲ. ಯಾರಾದರೂ ಈ ತಡೆ ದಾಟಲು ವಿಪಿಎನ್ ಆ್ಯಪ್ ಹಾಕಿ ಎಂದರೆ ಹಾಕಬೇಡಿ, ಕಾನೂನು ಬಾಹಿರ ಬಳಕೆಗೆ ದಂಡ 5 ಲಕ್ಷ ದಿರ್ಹಂನಿಂದ ಶುರು. ನಿಮ್ಮ ಊರಿನ ಸಿಮ್ಮಿಗೆ ಅಂತಾರಾಷ್ಟ್ರೀಯ ರೋಮಿಂಗ್ ಹಾಕಿಸಿಕೊಳ್ಳಿ, ಬ್ಯಾಂಕು ಮತ್ತು ಆಧಾರ್ ಒಟಿಪಿ ಅದಕ್ಕೇ ಬರುವುದು. ಊರಿನ ಉಳಿತಾಯ ಖಾತೆಯನ್ನು ಅನಿವಾಸಿಗಳ ಖಾತೆ, ಅಂದರೆ ಎನ್‌ಆರ್‌ಒ ಮಾಡಿಸುವುದು ನಿಯಮ; ಸಂಬಳದಿಂದ ಕಳಿಸುವ ದುಡ್ಡಿಗೆ ಬೇರೆ ಎನ್‌ಆರ್‌ಇ ಖಾತೆ ತೆರೆಯಿರಿ, ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ.

ಬೇಸಿಗೆಯಲ್ಲಿ ಬಂದರೆ ಒಂದು ವಿಷಯ ತಿಳಿದಿರಲಿ. ನೀರಿನ ಟ್ಯಾಂಕು ತಾರಸಿಯ ಮೇಲಿದ್ದರೆ ತಣ್ಣೀರಿನ ನಲ್ಲಿಯಲ್ಲೇ ಬಿಸಿನೀರು ಬರುತ್ತದೆ, ಮಕ್ಕಳಿಗೆ ಸ್ನಾನ ಮಾಡಿಸಲು ಕೈ ಇಡಲಾಗದಷ್ಟು. ಜೂನಿನಿಂದ ಸೆಪ್ಟೆಂಬರಿನವರೆಗೆ ಗೀಸರಿನ ಸ್ವಿಚ್ ಆಫ್ ಮಾಡಿಡಿ. ಗೀಸರಿನ ಡ್ರಮ್ಮು ಎಸಿ ಇರುವ ಮನೆಯೊಳಗೆ ಇರುವುದರಿಂದ ಅದರಲ್ಲಿ ನಿಂತ ನೀರು ತಣಿಯುತ್ತದೆ. ಆಗ ಕೆಂಪು ಗುರುತಿನ ನಲ್ಲಿಯಲ್ಲಿ ತಣ್ಣೀರು, ನೀಲಿಯಲ್ಲಿ ಬಿಸಿ. ಕುಡಿಯಲು ಐದು ಗ್ಯಾಲನ್ ಬಾಟಲಿ, ಹತ್ತೊಂಬತ್ತು ಲೀಟರಿನ ಹತ್ತಿರ, ಖಾಲಿ ಬಾಟಲಿಗೆ ಮೊದಲ ಸಲ ಡೆಪಾಸಿಟ್ ಕೊಡಬೇಕು. ರಜೆಗೆ ಊರಿಗೆ ಬರುವಾಗ ಎಸಿ ಪೂರ್ತಿ ಆರಿಸಿ ಕಿಟಕಿ ಮುಚ್ಚಿದರೆ ಕಪಾಟಿನ ಬಟ್ಟೆ, ಚಪ್ಪಲಿಗೆ ನಮ್ಮ ಆಟಿ ತಿಂಗಳಿನಂತೆಯೇ ಬೂಷ್ಟು ಹಿಡಿಯುತ್ತದೆ. ಕಪಾಟಿನ ಬಾಗಿಲು ತೆರೆದು, ಎಸಿಯನ್ನು 27-28ಕ್ಕೆ ಇಟ್ಟು ಬನ್ನಿ.