ಹೊಸದಾಗಿ ಕಟ್ಟಿದ್ದನ್ನ ಹಳೇ ಊರು ಅನ್ನಬಹುದಾ?

(ಜರ್ಮನಿಯ ಕೆಮ್ನಿಟ್ಸ್‌ನಲ್ಲಿ ಎಂಎಸ್ ಓದ್ತಿರೋ ನಮ್ಮ ಓದುಗರೊಬ್ಬರು ಈ ಸಲ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದಾರೆ.)

ಪ್ರಶ್ನೆ: ಜರ್ಮನಿಯ ಡ್ರೆಸ್ಡೆನ್ ಊರು ಬಾಂಬ್ ದಾಳೀಲಿ ನೆಲಸಮ ಆಗಿ, ಈಗ ಇರೋದೆಲ್ಲ ಆಮೇಲೆ ಕಟ್ಟಿದ್ದಂತಲ್ಲ, ಅದನ್ನ ಐತಿಹಾಸಿಕ ನಗರ ಅನ್ನೋದು ಸರೀನಾ? ಹಾಗಾದ್ರೆ ನಮ್ಮ ಹಂಪೀನೂ ಮತ್ತೆ ಕಟ್ಟಬಹುದಲ್ವಾ?
– ನಿವೃತ್ತ ಮೇಷ್ಟ್ರು, ಹೊಸಪೇಟೆ

ಉತ್ತರ: ಮೇಷ್ಟ್ರೇ ನಮಸ್ಕಾರ. ನೀವು ಹೇಳಿದ್ದು ನಿಜ, ಎರಡನೇ ಮಹಾಯುದ್ಧದಲ್ಲಿ, 1945ರ ಫೆಬ್ರವರಿ 13ರ ರಾತ್ರಿ ಶುರುವಾದ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳ ದಾಳೀಲಿ ಸುಮಾರು 25 ಸಾವಿರ ಜನ ಸತ್ರು, ಹಳೇ ಪೇಟೆ ಸುಟ್ಟು ಬೂದಿಯಾಯ್ತು, ಫ್ರೌವೆನ್‌ಕಿರ್ಷೆ ಅನ್ನೋ ದೊಡ್ಡ ಗುಮ್ಮಟದ ಚರ್ಚು ಬೆಂಕಿ ಶಾಖ ತಡೀದೆ 15ನೇ ತಾರೀಕು ಬೆಳಗ್ಗೆ ಕುಸಿದುಬಿತ್ತು. ಪೂರ್ವ ಜರ್ಮನಿ ಕಾಲ ಪೂರ್ತಿ ಆ ಕಲ್ಲಿನ ರಾಶಿ ಊರ ನಡುವೆ ಹಾಗೇ ಬಿದ್ದಿತ್ತು. ಎರಡೂ ಜರ್ಮನಿ ಒಂದಾದ್ಮೇಲೆ ಜನ ದುಡ್ಡು ಕೂಡಿಸಿ ಕಟ್ಟೋಕೆ ಶುರು ಮಾಡಿದ್ರು, 2005ರ ಅಕ್ಟೋಬರ್ 30ಕ್ಕೆ ಮತ್ತೆ ಪ್ರಾರ್ಥನೆಗೆ ತೆರೀತು.

ಆದ್ರೆ ಅದು ಸುಳ್ಳು ಹಳೇದು ಅಂತ ನನಗೆ ಒಂದು ಕ್ಷಣಾನೂ ಅನ್ನಿಸಲಿಲ್ಲ, ಯಾಕಂದ್ರೆ ಅವರು ಏನನ್ನೂ ಮುಚ್ಚಿಟ್ಟಿಲ್ಲ. ಗೋಡೆ ಹತ್ರ ಹೋಗಿ ನಿಂತ್ರೆ ತಿಳಿ ಹಳದಿ ಕಲ್ಲುಗಳ ಮಧ್ಯೆ ಅಲ್ಲೊಂದು ಇಲ್ಲೊಂದು ಕರೀ ಕಲ್ಲು ಕಾಣ್ಸುತ್ತೆ, ಒಂದು ಮೂಲೇಲಂತೂ ಬೀಳದೇ ಉಳ್ಕೊಂಡಿದ್ದ ಗೋಡೇನೇ ಇದೆ, ಪೂರ್ತಿ ಕಪ್ಪು. ಕಪ್ಪೆಲ್ಲ ಹಳೇದು, ತಿಳಿ ಬಣ್ಣದ್ದೆಲ್ಲ ಹೊಸದು. ರಾಶಿ ಬಿಡಿಸುವಾಗ ಯಾವ ಕಲ್ಲು ಎಲ್ಲಿ ಬಿದ್ದಿತ್ತು ಅಂತ ಗುರುತು ಹಾಕ್ಕೊಂಡು, ಅದ್ರ ಮೇಲೆ ಅದು ಮೊದಲು ಗೋಡೇಲಿ ಎಲ್ಲಿತ್ತು ಅಂತ ಲೆಕ್ಕ ಹಾಕಿ, ಆದಷ್ಟೂ ಅದೇ ಜಾಗಕ್ಕೆ ವಾಪಸ್ ಕೂರಿಸಿದಾರೆ. ಗುಮ್ಮಟದ ಮೇಲಿರೋ ಶಿಲುಬೆ ಮಾಡಿದ್ದು ಬ್ರಿಟಿಷ್ ಅಕ್ಕಸಾಲಿಗ ಅಲನ್ ಸ್ಮಿತ್, ಅವರ ತಂದೆ ಇದೇ ಊರಿನ ಮೇಲೆ ಬಾಂಬ್ ಹಾಕೋಕೆ ಬಂದಿದ್ದ ಪೈಲಟ್‌ಗಳಲ್ಲಿ ಒಬ್ರು. ಇದನ್ನ ಓದ್ಕೊಂಡು ಹೋಗಿದ್ರೂ ಅಲ್ಲಿ ತಲೆ ಎತ್ತಿ ನೋಡುವಾಗ ನನಗೆ ಗಂಟಲು ಕಟ್ಟಿತು.

ಅಲ್ಲಿಂದ ಹತ್ತು ನಿಮಿಷ ನಡೆದ್ರೆ ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್ ಇದೆ. ಹಳೇದನ್ನ ಕಟ್ಟಿದ್ದು ಊರಿನ ಫೇಮಸ್ ಒಪೆರಾ ಹೌಸ್ ಕಟ್ಟಿದ ಸೆಂಪರ್, 1938ರ ನವೆಂಬರಲ್ಲಿ ನಾಜಿಗಳು ಅದಕ್ಕೆ ಬೆಂಕಿ ಇಟ್ರು. 2001ರಲ್ಲಿ ಅದೇ ಜಾಗದಲ್ಲಿ ಹೊಸದು ಕಟ್ಟಿದ್ರು, ಆದ್ರೆ ಹಳೇ ಥರ ಕಟ್ಟಲಿಲ್ಲ, ಬೋಳು ಗೋಡೆಯ ಚೌಕ ಕಟ್ಟಡ, ಕಲ್ಲಿನ ಸಾಲು ಮೇಲೆ ಹೋಗ್ತಾ ಹೋಗ್ತಾ ಸ್ವಲ್ಪ ಸ್ವಲ್ಪ ಪೂರ್ವಕ್ಕೆ ತಿರುಗ್ಕೊಳ್ಳುತ್ತೆ. ಬಾಗಿಲ ಮೇಲೆ ಹಳೇ ಸಿನಗಾಗ್‌ನ ನಕ್ಷತ್ರ ಇದೆ, ಬೆಂಕಿ ಬಿದ್ದಾಗ ಒಬ್ಬ ಫೈರ್‌ಮ್ಯಾನ್ ಬಚ್ಚಿಟ್ಟು ಉಳಿಸಿದ್ದು. ಡ್ರೆಸ್ಡೆನ್‌ಗೆ ಬರೋ ನಮ್ಮವರಲ್ಲಿ ಬಹಳ ಜನ ಚರ್ಚ್ ಮುಂದೆ ಫೋಟೋ ತೆಗೆಸ್ಕೊಂಡು ಇಲ್ಲೀವರೆಗೂ ಬರೋದೇ ಇಲ್ಲ, ಅದು ನನಗೆ ಬೇಜಾರು. ಒಂದೇ ಊರು, ಒಂದು ನೋವಿಗೆ ಇದ್ದಂಗೇ ಕಟ್ಟೋದು ಸರಿ ಅನ್ಕೊಂಡಿದೆ, ಇನ್ನೊಂದಕ್ಕೆ ಇದ್ದಂಗೆ ಕಟ್ಟಬಾರದು ಅನ್ಕೊಂಡಿದೆ. ಎರಡೂ ಸರಿ ಅಂತಾನೇ ನನಗನ್ಸುತ್ತೆ.

ಹಂಪಿ ವಿಷಯ ಬೇರೆ ಮೇಷ್ಟ್ರೇ. ಫ್ರೌವೆನ್‌ಕಿರ್ಷೆಗೆ ನಕ್ಷೆ ಇತ್ತು, ಫೋಟೋ ಇತ್ತು, ಅದ್ರೊಳಗೆ ಮದುವೆಯಾದವರೇ ಬದುಕಿದ್ರು. 1565ರ ನಂತರ ಹಂಪಿ ಅರಮನೆಗಳದ್ದು ಉಳಿದಿರೋದು ಕಲ್ಲಿನ ಅಧಿಷ್ಠಾನ, ಅಂದ್ರೆ ಕೆಳಗಿನ ಕಟ್ಟೆ ಅಷ್ಟೇ, ಮೇಲಿದ್ದ ಮರದ ಭಾಗ ಹೇಗಿತ್ತು ಅಂತ ತೋರ್ಸೋ ಒಂದು ನಕ್ಷೇನೂ ಇಲ್ಲ. ಕಟ್ಟಿದ್ರೆ ನಮ್ಮ ಊಹೆ ಕಟ್ಟಿದ ಹಾಗೆ. ವಿರೂಪಾಕ್ಷನ ಗುಡೀಲಿ ಇವತ್ತಿಗೂ ಪೂಜೆ ನಡೀತಿದೆ, ಮಿಕ್ಕಿದ್ದು ಇರೋ ಹಾಗೇ ಇರ್ಲಿ, ಕಾಪಾಡಿದ್ರೆ ಸಾಕು.

ಪ್ರಶ್ನೆ: ಬೇರೆ ಯಾವ ಊರು ಇಷ್ಟ ಆಯ್ತು?
– ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ವಾರ್ಸಾ! ಪೋಲೆಂಡ್ ರಾಜಧಾನಿ. 1944ರಲ್ಲಿ ಜನ ದಂಗೆ ಎದ್ದಿದ್ದಕ್ಕೆ ಸೇಡಿಗೆ ಅಂತ ನಾಜಿಗಳು ಬೀದಿ ಬೀದಿ ಲೆಕ್ಕ ಹಾಕಿ ಊರನ್ನ ಸ್ಫೋಟಿಸಿದ್ರು. ಯುದ್ಧ ಮುಗಿದ್ಮೇಲೆ ಹಳೇ ಊರನ್ನ ಮತ್ತೆ ಕಟ್ಟೋಕೆ ಸಹಾಯ ಆಗಿದ್ದು 18ನೇ ಶತಮಾನದ ಚಿತ್ರಕಾರ ಬೆಲ್ಲೊಟ್ಟೋ ಬಿಡಿಸಿದ್ದ ಬೀದಿ ಚಿತ್ರಗಳು, ಜೊತೆಗೆ ಅಲ್ಲಿನ ಆರ್ಕಿಟೆಕ್ಚರ್ ಮೇಷ್ಟ್ರುಗಳು ವಿದ್ಯಾರ್ಥಿಗಳು ಸೇರಿ ಮನೆಮನೆ ಅಳತೆ ತಗೊಂಡು ಮಾಡಿದ್ದ ಡ್ರಾಯಿಂಗ್‌ಗಳು, ಅವನ್ನ ಯುದ್ಧದ ಟೈಮಲ್ಲಿ ಒಂದು ಮಠದಲ್ಲಿ ಬಚ್ಚಿಟ್ಟಿದ್ರು. ಊರೇ ಉಳಿಯಲ್ಲ ಅಂತ ಗೊತ್ತಿದ್ದೂ ಹಾಳೆ ಉಳಿಸಿದಾರಲ್ಲ, ನಿನ್ನ ವಯಸ್ಸಿಗಿಂತ ಸ್ವಲ್ಪ ದೊಡ್ಡ ಹುಡುಗ ಹುಡುಗೀರು! 1980ರಲ್ಲಿ ಯುನೆಸ್ಕೋ ಆ ಹಳೇ ಊರನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು, ಮರುನಿರ್ಮಾಣ ಅಂತ ಗೊತ್ತಿದ್ದೇ ಸೇರಿಸಿದ್ದು.

ನಾನಿರೋ ಕೆಮ್ನಿಟ್ಸ್ ಕೂಡ 1945ರಲ್ಲೇ ಸುಟ್ಟಿದ್ದು, ಆದ್ರೆ ಇಲ್ಲಿ ಹಳೇದನ್ನ ಹೆಚ್ಚೇನೂ ಕಟ್ಟಲಿಲ್ಲ, ಅಗಲ ರಸ್ತೆ, ಸಾಲು ಸಾಲು ಅಪಾರ್ಟ್‌ಮೆಂಟು, ನಡುವೆ 7 ಮೀಟರ್ ಎತ್ತರದ ಕಾರ್ಲ್ ಮಾರ್ಕ್ಸ್ ತಲೆಯ ಶಿಲ್ಪ. 1953ರಿಂದ 1990ರ ತನಕ ಊರಿನ ಹೆಸರೇ ಕಾರ್ಲ್ ಮಾರ್ಕ್ಸ್ ಸ್ಟಾಟ್. ಇದೂ ಇತಿಹಾಸಾನೇ ಅಲ್ವಾ.

ಪ್ರಶ್ನೆ: ಮಗಳು ಈ ವರ್ಷ ಜರ್ಮನಿಗೆ ಹೊರಟಿದ್ದಾಳೆ. ಓದೋ ಮಕ್ಕಳಿಗೆ ಊರು ಸುತ್ತೋಕೆ ದುಡ್ಡು ಎಲ್ಲಿಂದ ಬರ್ಬೇಕು? ಬೇರೆ ದೇಶಕ್ಕೆ ಹೋದ್ರೆ ವೀಸಾ ಬೇಕಾ?
– ಗೃಹಿಣಿ, ದಾವಣಗೆರೆ

ಉತ್ತರ: ಅಮ್ಮಾ, ಭಯ ಬೇಡ. ಜರ್ಮನಿ ಸ್ಟೂಡೆಂಟ್ ರೆಸಿಡೆನ್ಸ್ ಪರ್ಮಿಟ್ ಕೈಗೆ ಬಂದ್ರೆ ಷೆಂಗೆನ್ ದೇಶಗಳಿಗೆ (ತಮ್ಮೊಳಗೆ ಗಡಿ ತಪಾಸಣೆ ಬೇಡ ಅಂತ ಒಪ್ಪಂದ ಮಾಡ್ಕೊಂಡಿರೋ ಯುರೋಪಿನ ದೇಶಗಳು) ಬೇರೆ ವೀಸಾ ಬೇಡ, 180 ದಿನದಲ್ಲಿ 90 ದಿನದವರೆಗೆ ಹೋಗಿಬರಬಹುದು, ಪೋಲೆಂಡ್ ಚೆಕ್ ಎರಡೂ ಅದ್ರಲ್ಲಿವೆ, ಪಾಸ್‌ಪೋರ್ಟೂ ಪರ್ಮಿಟ್ಟೂ ಜೊತೆಗಿರ್ಬೇಕು ಅಷ್ಟೇ. ಜರ್ಮನಿ ಒಳಗೆ ಡಾಯ್ಚ್‌ಲಾಂಡ್ ಟಿಕೆಟ್ ಅಂತ ಒಂದು ತಿಂಗಳ ಪಾಸ್ ಇದೆ, 2025ರಲ್ಲಿ 58 ಯೂರೋ ಇತ್ತು, 2026ರಿಂದ 63, ಸುಮಾರು ಯೂನಿವರ್ಸಿಟಿಗಳಲ್ಲಿ ಫೀಸ್ ಜೊತೆ ಕಮ್ಮಿಗೇ ಸಿಗುತ್ತೆ. ಲೋಕಲ್ ಟ್ರೈನು, ಬಸ್ಸು, ಟ್ರಾಮ್ ಎಲ್ಲದಕ್ಕೂ ನಡೆಯುತ್ತೆ, ಫಾಸ್ಟ್ ಟ್ರೈನಿಗೆ ಮಾತ್ರ ಇಲ್ಲ. ಹತ್ತು ದಿನಕ್ಕೆ ಎಂಟು ದೇಶ ಅಂತ ಓಡೋ ಗುಂಪಿಗೆ ಸೇರಬೇಡ ಅಂತ ಮಗಳಿಗೆ ಹೇಳಿ, ಒಂದೇ ಊರಲ್ಲಿ ಎರಡು ದಿನ ಇದ್ರೆ ಖರ್ಚೂ ಕಮ್ಮಿ ನೋಡಿದ್ದೂ ಜಾಸ್ತಿ. ಡ್ರೆಸ್ಡೆನ್‌ಗೆ ಹೋದ್ರೆ ಮೊದಲು ಝ್ವಿಂಗರ್ ಅರಮನೆಯ ಗ್ಯಾಲರಿಗೆ ಹೋಗ್ಲಿ, ಬೆಲ್ಲೊಟ್ಟೋ ಬಿಡಿಸಿದ ಹಳೇ ಡ್ರೆಸ್ಡೆನ್ ಅಲ್ಲಿದೆ, ಅದನ್ನ ನೋಡ್ಕೊಂಡು ಎಲ್ಬೆ ನದಿ ಆಚೆ ದಡಕ್ಕೆ ಹೋಗಿ ಈಗಿನ ಊರು ನೋಡ್ಲಿ. ಸೋಮವಾರ ಮಾತ್ರ ಬೇಡ, ಗ್ಯಾಲರಿಗೆ ರಜ.