ಅಪ್‌ಡೇಟ್ ಬಂತು, ಬಟನ್ ಎಲ್ಲಿ?

ಕಚೇರಿ ತಂತ್ರಾಂಶಗಳಲ್ಲಿ ಬರುತ್ತಿರುವ ಹೊಸ ಸೌಲಭ್ಯಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು.

ಪ್ರ: ಪಕ್ಕದ ಸೀಟಿನವರ ಎಕ್ಸೆಲ್‌ನಲ್ಲಿ ಹೊಸ ಬಟನ್‌ಗಳು ಬಂದಿವೆ, ನನ್ನದರಲ್ಲಿ ಇಲ್ಲ. ಇಬ್ಬರದೂ ಒಂದೇ ಕಂಪನಿಯ ಖಾತೆ. ‘ಅಪ್‌ಡೇಟ್ ನೌ’ ಒತ್ತಿದರೆ ಎಲ್ಲ ಸರಿಯಿದೆ ಎನ್ನುತ್ತದೆ. ಎಕ್ಸೆಲ್ ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡಲೇ?

ಉ: ಬೇಡ, ಶ್ರಮ ದಂಡ. ಮೊದಲು ಫೈಲ್ ಮೆನುವಿಗೆ ಹೋಗಿ ‘ಅಕೌಂಟ್’ ಒತ್ತಿ. ‘ಅಬೌಟ್ ಎಕ್ಸೆಲ್’ ಬಟನ್‌ನ ಪಕ್ಕದಲ್ಲೇ ಆವೃತ್ತಿ ಸಂಖ್ಯೆಯೂ ಚಾನೆಲ್ ಹೆಸರೂ ಇರುತ್ತವೆ. ಹೊಸ ಸೌಲಭ್ಯಗಳು ನಿಮಗೆ ಎಷ್ಟು ದಿನಕ್ಕೊಮ್ಮೆ ಬರಬೇಕೆಂದು ತೀರ್ಮಾನಿಸುವುದೇ ಈ ಚಾನೆಲ್. ಇಬ್ಬರ ಕಂಪ್ಯೂಟರಿನಲ್ಲೂ ಇದನ್ನು ನೋಡಿ ಹೋಲಿಸಿ. ‘ಕರೆಂಟ್ ಚಾನೆಲ್’ ಆಗಿದ್ದರೆ ಹೊಸ ಸೌಲಭ್ಯ ಸಿದ್ಧವಾದ ಹಾಗೆ ಬಂದುಬಿಡುತ್ತದೆ. ‘ಮಂತ್ಲಿ ಎಂಟರ್‌ಪ್ರೈಸ್’ ಆಗಿದ್ದರೆ ತಿಂಗಳಿಗೊಮ್ಮೆ, ಎರಡನೇ ಮಂಗಳವಾರ. ‘ಸೆಮಿ ಆ್ಯನ್ಯುಯಲ್ ಎಂಟರ್‌ಪ್ರೈಸ್’ ಆಗಿದ್ದರೆ ಜನವರಿ ಮತ್ತು ಜುಲೈ, ವರ್ಷಕ್ಕೆ ಎರಡೇ ಸಲ. ನಡುವಿನ ತಿಂಗಳುಗಳಲ್ಲಿ ಬರುವುದು ಭದ್ರತೆಯ ತಿದ್ದುಪಡಿಗಳು ಮತ್ತು ದೋಷ ನಿವಾರಣೆ ಮಾತ್ರ. ನಿಮ್ಮ ಎಕ್ಸೆಲ್ ‘ಎಲ್ಲ ಸರಿಯಿದೆ’ ಎನ್ನುವುದು ಸುಳ್ಳಲ್ಲ. ತನ್ನ ಚಾನೆಲ್‌ನ ಲೆಕ್ಕದಲ್ಲಿ ಅದು ಸರಿಯಾಗಿಯೇ ಇದೆ. ಚಾನೆಲ್ ಯಾವುದಿರಬೇಕೆಂದು ಅಡ್ಮಿನ್ (ಕಂಪನಿಯ ಖಾತೆಗಳನ್ನು ನೋಡಿಕೊಳ್ಳುವವರು) ನಿಗದಿ ಮಾಡಿದ್ದರೆ, ಮತ್ತೆ ಇನ್‌ಸ್ಟಾಲ್ ಮಾಡಿದರೂ ಅದೇ ಚಾನೆಲ್ ಬಂದು ಕೂರುತ್ತದೆ.

ಚಾನೆಲ್ ಒಂದೇ ಆಗಿದ್ದೂ ಬಟನ್ ಬಾರದಿರಬಹುದು. ಹೊಸ ಸೌಲಭ್ಯವನ್ನು ಎಲ್ಲರಿಗೂ ಒಮ್ಮೆಲೇ ತೆರೆಯುವುದಿಲ್ಲ. ಮೊದಲು ಸ್ವಲ್ಪ ಜನಕ್ಕೆ ಕೊಟ್ಟು, ತೊಂದರೆ ಕಾಣದಿದ್ದರೆ ಉಳಿದವರಿಗೆ ಹರಿಸುತ್ತಾರೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲೂ ಇದೇ ಕ್ರಮ: ಸಂಸ್ಥೆ ‘ರ‍್ಯಾಪಿಡ್ ರಿಲೀಸ್’ ಅಥವಾ ‘ಶೆಡ್ಯೂಲ್ಡ್ ರಿಲೀಸ್’ ಎರಡರಲ್ಲಿ ಒಂದರಲ್ಲಿ ಇರುತ್ತದೆ. ಬಿಡುಗಡೆ ‘ಗ್ರ್ಯಾಜುಯಲ್’ ಎಂದಿದ್ದರೆ ಶುರುವಾದ ದಿನದಿಂದ ಕಣ್ಣಿಗೆ ಬೀಳಲು 15 ದಿನದವರೆಗೂ ಹಿಡಿಯಬಹುದು, ‘ಎಕ್ಸ್‌ಟೆಂಡೆಡ್’ ಎಂದಿದ್ದರೆ ಇನ್ನೂ ಹೆಚ್ಚು. ಇಷ್ಟೂ ದಾಟಿ ಬರದಿದ್ದರೆ ಉಳಿಯುವುದು ಎರಡು ಕಾರಣ: ನಿಮ್ಮ ಲೈಸೆನ್ಸ್‌ನಲ್ಲಿ ಆ ಸೌಲಭ್ಯ ಇಲ್ಲ, ಅಥವಾ ಅಡ್ಮಿನ್ ಬೇಕೆಂದೇ ಮುಚ್ಚಿದ್ದಾರೆ.

ಐಟಿ ವಿಭಾಗಕ್ಕೆ ಬರೆಯುವಾಗ ‘ನನಗೆ ಬರುತ್ತಿಲ್ಲ’ ಎಂದಷ್ಟೇ ಬರೆದರೆ ವಾರಗಟ್ಟಲೆ ಪತ್ರವ್ಯವಹಾರ ನಡೆಯುತ್ತದೆ. ಆವೃತ್ತಿ ಸಂಖ್ಯೆ, ಚಾನೆಲ್, ಬೇಕಾದ ಸೌಲಭ್ಯದ ಹೆಸರು ಮೂರನ್ನೂ ಬರೆಯಿರಿ. ಒಂದು ಎಚ್ಚರಿಕೆ: ಹಳೆಯ ಮ್ಯಾಕ್ರೊ, ಆ್ಯಡ್-ಇನ್‌ಗಳ ಮೇಲೆ ಕೆಲಸ ನಡೆಯುತ್ತಿದ್ದರೆ ವೇಗದ ಚಾನೆಲ್‌ಗೆ ಹಟ ಮಾಡಬೇಡಿ. ಅರ್ಜೆಂಟ್ ಇದ್ದರೆ ಅದೇ ಫೈಲನ್ನು ಬ್ರೌಸರ್‌ನಲ್ಲಿ ತೆರೆದು ನೋಡಿ. ಈ ಚಾನೆಲ್‌ಗಳ ಕಟ್ಟು ಡೆಸ್ಕ್‌ಟಾಪ್ ಆವೃತ್ತಿಗೆ ಮಾತ್ರ.

ಪ್ರ: ಕಳೆದ ತಿಂಗಳ ವರದಿಯ ಫೈಲ್ ತೆರೆದು ಈ ತಿಂಗಳ ಅಂಕಿಗಳನ್ನು ತುಂಬಿದೆ, ಕೊನೆಗೆ ಬೇರೆ ಹೆಸರಿನಲ್ಲಿ ಸೇವ್ ಮಾಡಿದೆ. ಈಗ ನೋಡಿದರೆ ಹಳೆಯ ಫೈಲಿನಲ್ಲೂ ಹೊಸ ಅಂಕಿಗಳೇ ಇವೆ!

ಉ: ಎಡ ಮೇಲ್ತುದಿಯ ‘ಆಟೊಸೇವ್’ ಮಾಡಿದ ಕೆಲಸ ಇದು. ಮೈಕ್ರೊಸಾಫ್ಟ್‌ನ ಆನ್‌ಲೈನ್ ಸಂಗ್ರಹಗಳಾದ ಒನ್‌ಡ್ರೈವ್ ಅಥವಾ ಶೇರ್‌ಪಾಯಿಂಟ್‌ನಲ್ಲಿರುವ ಫೈಲ್ ತೆರೆದರೆ ನೀವು ಬದಲಿಸಿದ್ದೆಲ್ಲ ತಕ್ಷಣ ಮೂಲ ಫೈಲಿಗೇ ಸೇರುತ್ತಾ ಹೋಗುತ್ತದೆ. ಬೇರೆ ಹೆಸರು ಕೊಡುವ ಹೊತ್ತಿಗೆ ಮೂಲ ಆಗಲೇ ಬದಲಾಗಿರುತ್ತದೆ. ಅದಕ್ಕೇ ಅಂಥ ಫೈಲುಗಳಲ್ಲಿ ‘ಸೇವ್ ಆ್ಯಸ್’ ಬದಲು ‘ಸೇವ್ ಎ ಕಾಪಿ’ ಎಂದಿರುತ್ತದೆ. ಅದನ್ನು ಒತ್ತಬೇಕಾದ್ದು ಅಂಕಿ ಮುಟ್ಟುವ ಮೊದಲು.

ಹಳೆಯದು ಹಾಳಾಗಿಲ್ಲ. ಮೇಲಿನ ಪಟ್ಟಿಯಲ್ಲಿರುವ ಫೈಲಿನ ಹೆಸರಿನ ಮೇಲೆ ಒತ್ತಿ, ‘ವರ್ಷನ್ ಹಿಸ್ಟರಿ’ ತೆರೆಯಿರಿ. ಕಳೆದ ತಿಂಗಳ ಕೊನೆಯ ದಿನಾಂಕದ್ದನ್ನು ತೆರೆದು, ಅಂಕಿ ಸರಿಯಿದೆಯೇ ಎಂದು ನೋಡಿದ ಮೇಲೆ ‘ರಿಸ್ಟೋರ್’ ಕೊಡಿ. ಈ ತಿಂಗಳ ಕಾಪಿ ನಿಮ್ಮ ಬಳಿ ಹೇಗೂ ಬೇರೆ ಇದೆ.

ಮುಂದೆ ಹೀಗಾಗದಿರಲು, ಪ್ರತಿ ತಿಂಗಳು ಮರುಬಳಕೆ ಆಗುವ ಫೈಲನ್ನು ಖಾಲಿ ಮಾಡಿ ‘ಎಕ್ಸೆಲ್ ಟೆಂಪ್ಲೇಟ್’ ರೂಪದಲ್ಲಿ ಉಳಿಸಿ. ಎರಡು ಸಲ ಒತ್ತಿ ತೆರೆದರೆ ಪ್ರತಿ ಸಲವೂ ಹೊಸ ಫೈಲೇ ಹುಟ್ಟುತ್ತದೆ. ಅಷ್ಟು ಬೇಡವೆಂದರೆ ಫೈಲ್, ಇನ್ಫೊ, ‘ಪ್ರೊಟೆಕ್ಟ್ ವರ್ಕ್‌ಬುಕ್’ ಒಳಗೆ ‘ಆಲ್ವೇಸ್ ಓಪನ್ ರೀಡ್-ಓನ್ಲಿ’ ಆರಿಸಿ. ಆಟೊಸೇವ್ ಅನ್ನೇ ಪೂರ್ತಿ ನಿಲ್ಲಿಸುವ ಆಯ್ಕೆಯೂ ಇದೆ. ಆದರೆ ಅದನ್ನು ನಿಲ್ಲಿಸಿ, ಲ್ಯಾಪ್‌ಟಾಪ್ ಕೈಕೊಟ್ಟ ದಿನ ತಲೆ ಮೇಲೆ ಕೈ ಹೊತ್ತು ಕೂರುವುದಕ್ಕಿಂತ ಟೆಂಪ್ಲೇಟ್ ಅಭ್ಯಾಸವೇ ವಾಸಿ.

ಪ್ರ: ಎಲ್ಲರೂ ಸೇರಿ ಬಳಸುವ ಶೀಟ್‌ನಲ್ಲಿ ನಾನು ಫಿಲ್ಟರ್ ಹಾಕಿದರೆ ಉಳಿದವರ ಸಾಲುಗಳೂ ಮಾಯವಾಗುತ್ತವೆ. ದಿನಾ ಜಗಳ.

ಉ: ಗೂಗಲ್ ಶೀಟ್ಸ್ ಆದರೆ ‘ಡೇಟಾ’ ಮೆನುವಿನಲ್ಲಿ ಮಾಮೂಲಿ ಫಿಲ್ಟರ್ ಬದಲು ‘ಫಿಲ್ಟರ್ ವ್ಯೂ’ ರಚಿಸಿ. ಸಾಲು, ಕಾಲಂಗಳ ಅಂಚು ಕಪ್ಪಾದರೆ ನೀವು ನಿಮ್ಮ ನೋಟದೊಳಗೆ ಇದ್ದೀರಿ ಎಂದರ್ಥ. ಅದಕ್ಕೊಂದು ಹೆಸರಿಟ್ಟರೆ ನಾಳೆಯೂ ಸಿಗುತ್ತದೆ. ಎಕ್ಸೆಲ್‌ನಲ್ಲಿ ‘ವ್ಯೂ’ ಟ್ಯಾಬಿನ ‘ಶೀಟ್ ವ್ಯೂ’ ಗುಂಪಿನಲ್ಲಿ ‘ನ್ಯೂ’ ಒತ್ತಿ, ಉಳಿಸಿಕೊಳ್ಳಲು ‘ಕೀಪ್’ ಒತ್ತಿ. ಆ ಬಟನ್‌ಗಳು ಮಂಕಾಗಿ ಕಂಡರೆ ಫೈಲ್ ನಿಮ್ಮ ಕಂಪ್ಯೂಟರಿನಲ್ಲೋ ಕಚೇರಿಯ ಹಳೆಯ ನೆಟ್‌ವರ್ಕ್ ಫೋಲ್ಡರಿನಲ್ಲೋ ಇದೆ. ಅದನ್ನು ಒನ್‌ಡ್ರೈವ್ ಅಥವಾ ಶೇರ್‌ಪಾಯಿಂಟ್‌ಗೆ ಸಾಗಿಸಬೇಕು.

ನೋಟ ಮಾತ್ರ ನಿಮ್ಮದು, ಅಂಕಿಗಳು ಎಲ್ಲರವು. ವ್ಯೂ ಒಳಗೆ ಕೂತು ಒಂದು ಸೆಲ್ ಅಳಿಸಿದರೆ ಎಲ್ಲರಿಗೂ ಅಳಿಯುತ್ತದೆ. ಇನ್ನೊಂದು ಅಪಾಯ ಗೂಗಲ್ ಶೀಟ್ಸ್‌ನಲ್ಲಿ ಆಗಾಗ ಆಗುವಂಥದ್ದು: ಒಂದೇ ಕಾಲಂ ಆಯ್ದು ‘ಸಾರ್ಟ್ ರೇಂಜ್’ ಕೊಟ್ಟರೆ ಆ ಕಾಲಂ ಮಾತ್ರ ಹಿಂದೆಮುಂದಾಗಿ, ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ಮೊತ್ತ ಬಂದು ಕೂರುತ್ತದೆ. ಯಾವ ದೋಷದ ಸೂಚನೆಯೂ ಬರುವುದಿಲ್ಲ. ತಕ್ಷಣ ಗೊತ್ತಾದರೆ ‘ಅನ್‌ಡು’, ತಡವಾದರೆ ವರ್ಷನ್ ಹಿಸ್ಟರಿಯೇ ಗತಿ.

ಪ್ರ: ಪಟ್ಟಿಯಲ್ಲಿ ಹುಡುಕಿ ಉತ್ತರ ತರುವ ಎಕ್ಸೆಲ್ ಫಂಕ್ಷನ್ ‘ಎಕ್ಸ್‌ಲುಕಪ್’ ಬಳಸಿ ಕಳಿಸಿದ ಫೈಲ್ ನನ್ನಲ್ಲಿ ಸರಿಯಿದೆ. ತೆಗೆದುಕೊಂಡವರು ಮೊದಲು ‘ಸರಿಯಿದೆ’ ಎಂದರು, ಒಂದು ಅಂಕಿ ತಿದ್ದಿದ ಮೇಲೆ ಎಲ್ಲ ಕಡೆ ‘ನೇಮ್’ ದೋಷ ಬರುತ್ತಿದೆ ಎಂದರು.

ಉ: ಅವರಲ್ಲಿರುವುದು ಎಕ್ಸೆಲ್ 2016 ಅಥವಾ 2019 ಇರಬೇಕು. ಎಕ್ಸ್‌ಲುಕಪ್ ಇರುವುದು ಮೈಕ್ರೊಸಾಫ್ಟ್ 365 ಮತ್ತು ಎಕ್ಸೆಲ್ 2021ರಿಂದ ಈಚೆಗೆ. ಫೈಲಿನಲ್ಲಿ ಸೂತ್ರದ ಜೊತೆ ಕೊನೆಯ ಸಲ ಬಂದ ಉತ್ತರವೂ ಉಳಿದಿರುತ್ತದೆ, ಅದನ್ನೇ ಅವರು ಮೊದಲು ಕಂಡರು. ಮತ್ತೆ ಲೆಕ್ಕ ಹಾಕುವ ಹೊತ್ತಿಗೆ ಆ ಹೆಸರಿನ ಫಂಕ್ಷನ್ ಸಿಗದೆ ದೋಷ ಬಂತು.

ಅವರಿಗೆ ಉತ್ತರ ಮಾತ್ರ ಸಾಕಾದರೆ, ಕಾಪಿ ಮಾಡಿ ‘ಪೇಸ್ಟ್ ಸ್ಪೆಷಲ್’ನಲ್ಲಿ ‘ವ್ಯಾಲ್ಯೂಸ್’ ಆಗಿ ಅಂಟಿಸಿದ ಪ್ರತಿ ಕಳಿಸಿ. ಅವರೂ ಲೆಕ್ಕ ಮುಂದುವರಿಸಬೇಕಾದರೆ ‘ಇಂಡೆಕ್ಸ್’ ಮತ್ತು ‘ಮ್ಯಾಚ್’ ಜೋಡಿ ಬಳಸಿ, ಮ್ಯಾಚ್‌ನ ಮೂರನೇ ಜಾಗದಲ್ಲಿ ಸೊನ್ನೆ ಕೊಡುವುದನ್ನು ಮರೆಯಬೇಡಿ. ‘ವಿಲುಕಪ್’ಗೆ ಮರಳುವುದಾದರೆ ನಾಲ್ಕನೇ ಜಾಗ ಖಾಲಿ ಬಿಡಬಾರದು, ಬಿಟ್ಟರೆ ಅದು ಹತ್ತಿರದ ಹೊಂದಿಕೆ ಹುಡುಕಿ, ತಪ್ಪು ಉತ್ತರವನ್ನು ಸರಿಯೆಂಬಂತೆ ಕೊಡಬಲ್ಲದು. ಎಕ್ಸ್‌ಲುಕಪ್‌ನಲ್ಲಿ ಈ ಕಾಟ ಇಲ್ಲ, ಏನೂ ಹೇಳದಿದ್ದರೆ ಪೂರ್ತಿ ಹೊಂದುವುದನ್ನೇ ಹುಡುಕುತ್ತದೆ. ಕಳಿಸುವ ಮುನ್ನ ಫೈಲ್, ಇನ್ಫೊ, ‘ಚೆಕ್ ಫಾರ್ ಇಶ್ಯೂಸ್’ ಒಳಗಿನ ‘ಚೆಕ್ ಕಂಪ್ಯಾಟಿಬಿಲಿಟಿ’ ಒಮ್ಮೆ ಓಡಿಸಿ.

ಪ್ರ: ನಮ್ಮ ತಂಡದ ಸ್ಲ್ಯಾಕ್‌ನಲ್ಲಿ ಹಳೆಯ ಮೆಸೇಜ್‌ಗಳು ಕಾಣುತ್ತಿಲ್ಲ. ಯಾರೂ ಅಳಿಸಿಲ್ಲ.

ಉ: ನಿಮ್ಮದು ಉಚಿತ ಪ್ಲ್ಯಾನ್ ಆಗಿದ್ದರೆ ಕಾಣುವುದು 90 ದಿನಗಳದ್ದು ಮಾತ್ರ. ಮೊದಲು 10,000 ಮೆಸೇಜ್‌ಗಳ ಮಿತಿ ಇತ್ತು, 2022ರಲ್ಲಿ ಅದು ದಿನಗಳ ಲೆಕ್ಕಕ್ಕೆ ಬದಲಾಯಿತು. 90 ದಿನ ದಾಟಿದ್ದು ಅಡಗಿರುತ್ತದೆ, ಹಣ ಕೊಟ್ಟರೆ ಮರಳುತ್ತದೆ. ಒಂದು ವರ್ಷ ದಾಟಿದ್ದನ್ನು 2024ರಿಂದ ಅಳಿಸಿಯೇ ಹಾಕುತ್ತಾರೆ. ತೀರ್ಮಾನಗಳನ್ನು ಚಾಟ್‌ನಲ್ಲಿ ಬಿಡದೆ ಒಂದು ಡಾಕ್ಯುಮೆಂಟ್‌ಗೆ ಎತ್ತಿಡಿ.

ಪ್ರ: ಮೀಟಿಂಗ್ ಸಾರಾಂಶವನ್ನು ಈಗ ಎಐ ಬರೆದುಕೊಡುತ್ತಿದೆ. ಓದಲು ಚೆನ್ನಾಗಿದೆ, ಆದರೆ ಯಾರೂ ಒಪ್ಪಿಕೊಳ್ಳದ ಕೆಲಸ ನನ್ನ ಹೆಸರಿಗೆ ಬಿದ್ದಿತ್ತು.

ಉ: ‘ನೋಡೋಣ, ಆದರೆ ಮಾಡೋಣ’ ಎಂದರೆ ನಮ್ಮಲ್ಲಿ ಬಹುಪಾಲು ‘ಇಲ್ಲ’ ಎಂದೇ. ಯಂತ್ರ ಅದನ್ನು ಒಪ್ಪಿಗೆ ಎಂದು ಬರೆದುಕೊಂಡುಬಿಡಬಹುದು. ಸಾರಾಂಶ ತಯಾರಾಗುವುದು ಮಾತನ್ನು ಅಕ್ಷರಕ್ಕಿಳಿಸಿದ ‘ಟ್ರಾನ್ಸ್‌ಕ್ರಿಪ್ಟ್’ನಿಂದ. ಅದರಲ್ಲಿ ‘ಸ್ಪೋಕನ್ ಲ್ಯಾಂಗ್ವೇಜ್’ ಇಂಗ್ಲಿಷ್ ಎಂದಿದ್ದು ನೀವು ಕನ್ನಡದಲ್ಲಿ ಮಾತಾಡಿದರೆ ಟ್ರಾನ್ಸ್‌ಕ್ರಿಪ್ಟ್ ಕಲಸುಮೇಲೋಗರ ಆಗುತ್ತದೆ, ಸಾರಾಂಶ ಮಾತ್ರ ನಯವಾದ ವಾಕ್ಯಗಳಲ್ಲೇ ಬರುತ್ತದೆ. ಆದ್ದರಿಂದ ಭಾಷೆಯ ಸೆಟ್ಟಿಂಗ್ ಮೊದಲು ನೋಡಿ. ನಾಲ್ಕೈದು ಜನ ಒಂದೇ ಮೈಕ್ ಮುಂದೆ ಕೂತಿದ್ದರೂ ಯಾರ ಮಾತು ಯಾರದೆಂದು ಅದಲುಬದಲಾಗುತ್ತದೆ. ಮುಖ್ಯ ಮೀಟಿಂಗ್ ಆದರೆ ಒಬ್ಬೊಬ್ಬರೂ ತಮ್ಮ ತಮ್ಮ ಲ್ಯಾಪ್‌ಟಾಪ್‌ನಿಂದ ಹೆಡ್‌ಸೆಟ್ ಹಾಕಿಕೊಂಡು ಸೇರುವುದು ಒಳ್ಳೆಯದು.

ಕೊನೆಯ ಎರಡು ನಿಮಿಷ ತೀರ್ಮಾನಗಳನ್ನು ಬಾಯಿಬಿಟ್ಟು ಹೇಳಿ: ಯಾರು, ಯಾವ ಕೆಲಸ, ಯಾವ ತಾರೀಕು. ಯಾವುದನ್ನು ಕೈಬಿಡಲಾಯಿತು ಎಂಬುದನ್ನೂ ಹೇಳಿ. ಸಾರಾಂಶದ ಹೆಸರು, ತಾರೀಕು, ಮೊತ್ತಗಳನ್ನು ಒಬ್ಬರು ತಿದ್ದಿದ ಮೇಲೆಯೇ ಎಲ್ಲರಿಗೂ ಹೋಗಲಿ. ರೆಕಾರ್ಡಿಂಗ್ ಶುರು ಮಾಡುವ ಮೊದಲು ಎಲ್ಲರನ್ನೂ ಕೇಳಿ, ಮುಗಿದ ತಕ್ಷಣ ನಿಲ್ಲಿಸಿ. ಇಲ್ಲದಿದ್ದರೆ ಉಳಿದ ಇಬ್ಬರು ಆಡಿಕೊಂಡ ಮಾತೂ ಸಾರಾಂಶದಲ್ಲಿ ಬರುತ್ತದೆ. ಟೀಮ್ಸ್‌ನಲ್ಲಿ ಅಡ್ಮಿನ್ ಬದಲಿಸದಿದ್ದರೆ ರೆಕಾರ್ಡಿಂಗ್‌ನ ಆಯುಷ್ಯ 120 ದಿನ. ಬೇಕಾದದ್ದರ ಕೊನೆಯ ದಿನಾಂಕವನ್ನು ಮೊದಲೇ ಮುಂದೂಡಿ.

ಪ್ರ: ಜಿಮೇಲ್‌ನಲ್ಲಿ ಕಳಿಸಿದ ಮೇಲ್ ಹಿಂದೆ ಪಡೆಯಲು ಹೋಗುವಷ್ಟರಲ್ಲಿ ‘ಅನ್‌ಡು’ ಮಾಯ. ಹೆಚ್ಚು ಹೊತ್ತು ಸಿಗುವುದಿಲ್ಲವೇ?

ಉ: ಸೆಟ್ಟಿಂಗ್ಸ್‌ನ ‘ಜನರಲ್’ ಟ್ಯಾಬಿನಲ್ಲಿ ‘ಅನ್‌ಡು ಸೆಂಡ್’ ಇದೆ. 5, 10, 20, 30 ಸೆಕೆಂಡ್ ಆಯ್ಕೆಗಳಲ್ಲಿ 30 ಆರಿಸಿ, ಪುಟದ ತಳಕ್ಕೆ ಹೋಗಿ ‘ಸೇವ್ ಚೇಂಜಸ್’ ಒತ್ತಿ. ಅದನ್ನು ಒತ್ತದೆ ಹೊರಬಂದರೆ ಹಳೆಯ ಸೆಕೆಂಡುಗಳೇ ಉಳಿಯುತ್ತವೆ.